ದೆವ್ವ, ದೋಸೆ ಮತ್ತು ದೇಹದಂಡನೆ

ಮಧ್ಯಮವರ್ಗದ ಮನೆಯಲ್ಲಿ ಶನಿವಾರದ ಸಂಜೆಗೆ ಈಚೆಗೆ ಹಕ್ಕುದಾರರು ಹೆಚ್ಚಾಗಿದ್ದಾರೆ. ದಿನಕ್ಕೆ ಅರ್ಧ ಗಂಟೆಯಾದರೂ ನಡೆಯಲೇಬೇಕೆಂದು ಕಟ್ಟಪ್ಪಣೆ ಮಾಡಿರುವ ವೈದ್ಯರು ಒಬ್ಬರು. ವಾರವೆಲ್ಲ ಸಾರು ಅನ್ನ ಉಂಡು ಬೇಸತ್ತು, ಇಂದಾದರೂ ಏನಾದರೊಂದು ಕರಿದದ್ದು ಆಗಲಿ ಎಂದು ಹಟ ಹಿಡಿಯುವ ಜಿಹ್ವಾದೇವತೆ ಇನ್ನೊಬ್ಬಳು. ಇವರಿಬ್ಬರ ವ್ಯಾಜ್ಯ ತೀರುವ ಮೊದಲೇ ನಡುಮನೆಯ ದೀಪವನ್ನು ಆರಿಸಿಕೊಂಡು, ಬಾಗಿಲನ್ನು ಕಿರ್ರೆನಿಸಿಕೊಂಡು ಒಳಗೆ ಬರುವ ಮೂರನೆಯ ಹಕ್ಕುದಾರನೇ ದೆವ್ವ. ಚಲಚ್ಚಿತ್ರದ ದೆವ್ವ, ಓದುಗರು ಗಾಬರಿಯಾಗಬಾರದು. ದೀಪ ಹಚ್ಚುವ ಹೊತ್ತಿನಲ್ಲಿ ದೆವ್ವದ ಮಾತೇಕೆ ಎಂದು ಹಿರಿಯರು ಗದರುವುದುಂಟು. ಗದರಿದ ಮೇಲೆ ತಮ್ಮ ಕುರ್ಚಿಯನ್ನು ಅವರೂ ಟೀವಿಯ ಕಡೆಗೇ ತಿರುಗಿಸಿಕೊಳ್ಳುವುದನ್ನು ಅನೇಕ ಮನೆಗಳಲ್ಲಿ ಕಂಡಿದ್ದೇನೆ.

ಅನ್ನಕ್ಕೂ ಭೂತಕ್ಕೂ ಇರುವ ನಂಟು ಇಂದಿನದಲ್ಲ. ತುತ್ತು ಒಲ್ಲೆನೆಂದು ಮೊಗ ತಿರುಗಿಸುವ ಮಗುವಿಗೆ ನಮ್ಮ ತಾಯಂದಿರು ಮೊದಲು ಚಂದಮಾಮನನ್ನು ತೋರಿಸುತ್ತಿದ್ದರು. ಅವನಿಂದ ಕೆಲಸವಾಗದಿದ್ದರೆ ಗುಮ್ಮನನ್ನು ಕರೆಯುತ್ತಿದ್ದರು. ಪುರಂದರದಾಸರ ಒಂದು ಪದದಲ್ಲಿ ಸಾಕ್ಷಾತ್ ಬಾಲಕೃಷ್ಣನೇ ಗುಮ್ಮನಿಗೆ ಅಂಜಿ, ಅಳದೆ ಉಣ್ಣುವೆನೆಂದು ಯಶೋದೆಗೆ ಮಾತು ಕೊಡುತ್ತಾನೆ. ಪೂತನಿಯನ್ನು ಕೊಂದವನ ಪಾಡೇ ಹೀಗಾದರೆ ಉಳಿದ ಮಕ್ಕಳ ಮಾತೇನು! ಬೆಳದಿಂಗಳ ಊಟಗಳನ್ನು ನೆನೆಯಿರಿ. ಮಾಳಿಗೆಯ ಮೇಲೆ ಮೊಮ್ಮಕ್ಕಳನ್ನು ಸುತ್ತ ಕೂರಿಸಿಕೊಂಡು ಅಜ್ಜಿ ಕೈತುತ್ತು ಹಾಕುತ್ತಿದ್ದಳು. ಅರಳೀಮರದ ಬ್ರಹ್ಮರಾಕ್ಷಸ, ಪಾದ ಹಿಂದುಮುಂದಾದ ಮೋಹಿನಿ, ಗದ್ದೆಯ ಬದುವಿನ ಮೇಲೆ ಅಲೆಯುವ ಕೊಳ್ಳಿದೆವ್ವ, ಹೀಗೆ ಒಬ್ಬೊಬ್ಬರು ಬಂದು ಹೋದಂತೆ ಒಂದೊಂದು ತುತ್ತು ಗಂಟಲಲ್ಲಿ ಇಳಿಯುತ್ತಿತ್ತು. ಅಜ್ಜಿಯ ಜಾಣತನವೆಲ್ಲ ಇದ್ದದ್ದು ಭಯದ ಅಳತೆಯಲ್ಲಿ. ಕಿರಿಯ ಮಗುವಿನ ಕಣ್ಣು ಅಗಲವಾದ ಕೂಡಲೆ ಬ್ರಹ್ಮರಾಕ್ಷಸನಿಗೆ ನೆಗಡಿಯಾಗಿ ಬಿಡುತ್ತಿತ್ತು.

ಮುಂದೆ ದೆವ್ವಗಳು ಚಿತ್ರಮಂದಿರವನ್ನು ಸೇರಿದವು. 1949ರ ‘ಮಹಲ್’ ಚಿತ್ರದ ಅರಮನೆಯಲ್ಲಿ ಅಶೋಕ್ ಕುಮಾರರನ್ನು ಕಾಡಿದ ಮಧುಬಾಲೆ, 1962ರ ‘ಬೀಸ್ ಸಾಲ್ ಬಾದ್’, ಆ ಮೇಲೆ ನಮ್ಮವರದೇ ಆದ ‘ನಾ ನಿನ್ನ ಬಿಡಲಾರೆ’ (1979) ಇವುಗಳನ್ನು ನೋಡಿ ನಡುಗಿದವರು ಇಂದಿನ ಅಜ್ಜ ಅಜ್ಜಿಯರು. ಅಂದಿನ ಏರ್ಪಾಟಿನಲ್ಲಿ ಒಂದು ವಿಶೇಷವಿತ್ತು. ಎರಡನೆಯ ಆಟ ಬಿಡುವ ಹೊತ್ತಿಗೆ ಬಸ್ಸು ಸಿಕ್ಕುವುದು ದುರ್ಲಭ. ಆಟೋರಿಕ್ಷಾಕ್ಕೆ ಕೊಡಲು ಸಂಸಾರಸ್ಥನ ಜೇಬು ಒಪ್ಪುತ್ತಿರಲಿಲ್ಲ. ಮೆಜೆಸ್ಟಿಕ್ಕಿನಿಂದ ಚಾಮರಾಜಪೇಟೆಗೋ ಮಲ್ಲೇಶ್ವರಕ್ಕೋ ಸಂಸಾರಸಮೇತ ಕಾಲ್ನಡಿಗೆಯೇ ಗತಿ. ಮಲಗಿದ ಮಗು ತಂದೆಯ ಹೆಗಲ ಮೇಲೆ, ಎಚ್ಚರವಿದ್ದ ಮಗು ತಾಯಿಯ ಸೆರಗಿನ ತುದಿಯಲ್ಲಿ. ಮರದ ನೆರಳು ಅಲುಗಿದರೆ ಎಲ್ಲರ ಹೆಜ್ಜೆಯೂ ತಾನಾಗಿ ಬಿರುಸಾಗುತ್ತಿತ್ತು. ಒಂದೇ ಟಿಕೆಟ್ಟಿಗೆ ಭಯ, ವ್ಯಾಯಾಮ, ಸಂಸಾರಸುಖ ಮೂರೂ ದೊರೆಯುತ್ತಿದ್ದ ಕಾಲ ಅದು. ವ್ಯಾಯಾಮವೆಂಬ ಹೆಸರು ಮಾತ್ರ ಅದಕ್ಕೆ ಇರಲಿಲ್ಲ.

ಈಗ ದೆವ್ವವೇ ಮನೆಗೆ ಬರುತ್ತದೆ. ನಡಿಗೆ ಹೋಯಿತು, ತಟ್ಟೆ ಬಂತು. ನಡಿಗೆಗೆಂದು ಬೇರೆ ಹೊತ್ತು ಹುಡುಕಬೇಕಾಗಿ ಬಂದದ್ದು ಇದರಿಂದಲೇ. ಬೆಳಗಿನ ಜಾವ ಲಾಲ್‌ಬಾಗಿನಲ್ಲಿ ಎರಡು ಸುತ್ತು ಹಾಕಿ, ಹೊರಗೆ ಬಂದೊಡನೆ ಬೆಣ್ಣೆ ಹಾಕಿದ ಮಸಾಲೆದೋಸೆಗೆ ಶರಣಾಗುವವರ ಸಂಗತಿ ಎಲ್ಲರಿಗೂ ತಿಳಿದದ್ದೇ. ದೇಹದಂಡನೆಗೂ ದೋಸೆಗೂ ಅಲ್ಲಿ ಲೆಕ್ಕ ಚುಕ್ತಾ. ಆದರೂ ಅವರು ನಡೆಯುವವರು. ಉಳಿದವರದು ‘ನಾಳೆ ಬಾ’ ಪಂಥ. 1990ರ ದಶಕದಲ್ಲಿ ರಾತ್ರಿ ಬಾಗಿಲು ತಟ್ಟುವ ದೆವ್ವವೊಂದರ ವದಂತಿ ಹುಟ್ಟಿ, ಬೆಂಗಳೂರಿನ ಮನೆಮನೆಯ ಬಾಗಿಲ ಮೇಲೆ ಈ ಎರಡು ಪದಗಳು ಕಾಣಿಸಿಕೊಂಡುದನ್ನು ಅನೇಕರು ಬಲ್ಲರು. ದೆವ್ವ ಓದಿಕೊಂಡು ಹಿಂದಿರುಗಬೇಕು, ಮರುದಿನ ಬಂದು ಮತ್ತೆ ಅದನ್ನೇ ಓದಬೇಕು. ಪಿಶಾಚಿಯೊಡನೆಯೂ ಕಚೇರಿಯ ಗುಮಾಸ್ತರ ಭಾಷೆಯಲ್ಲಿ ವ್ಯವಹರಿಸಿದ ಕೀರ್ತಿ ನಮ್ಮ ಊರಿಗೆ ಸಲ್ಲಬೇಕು! ಬಾಗಿಲ ಮೇಲಿನ ಬರಹ ಅಳಿಸಿಹೋಯಿತು. ವ್ಯಾಯಾಮಕ್ಕೆ ನಾವು ಕೊಡುವ ಉತ್ತರ ಮಾತ್ರ ಇನ್ನೂ ಅದೇ.

ಹೆದರುವುದೇ ಒಂದು ವ್ಯಾಯಾಮವೆಂದು ವಾದಿಸುವ ಪಂಡಿತರೂ ಇದ್ದಾರೆ. ಅವರ ಕೈಯಲ್ಲಿ ಒಂದು ಆಧಾರವೂ ಇದೆ. 2012ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ವಿಶ್ವವಿದ್ಯಾಲಯದಲ್ಲಿ ಕೆಲವರಿಗೆ ಭಯಾನಕ ಚಿತ್ರಗಳನ್ನು ತೋರಿಸಿ, ಅವರ ನಾಡಿ, ಉಸಿರಾಟಗಳನ್ನು ಅಳೆದರು. ‘ದಿ ಶೈನಿಂಗ್’ ಚಿತ್ರವನ್ನು ನೋಡಿದವರು ಸರಾಸರಿ 184 ಕ್ಯಾಲೊರಿಗಳನ್ನೂ, ‘ದಿ ಎಕ್ಸಾರ್ಸಿಸ್ಟ್’ ನೋಡಿದವರು 158ನ್ನೂ ವ್ಯಯಿಸಿದರಂತೆ. ಕೇಳಲು ಸೊಗಸಾಗಿದೆ. ಆದರೆ ಪರೀಕ್ಷೆಗೆ ಕುಳಿತವರು ಹತ್ತೇ ಮಂದಿ. ಅದನ್ನು ಮಾಡಿಸಿದ್ದು ಚಿತ್ರಗಳನ್ನು ಬಾಡಿಗೆಗೆ ಕೊಡುವ ಒಂದು ಸಂಸ್ಥೆ. ಅಷ್ಟು ಹೊತ್ತು ಸುಮ್ಮನೆ ಗೋಡೆ ನೋಡಿಕೊಂಡು ಕುಳಿತರೂ ದೇಹ ತನ್ನ ಪಾಲಿನ ಕ್ಯಾಲೊರಿಯನ್ನು ಉರಿಸಿಯೇ ಉರಿಸುತ್ತದೆ. ಅಲ್ಲದೆ ಕತ್ತಲೆಯಲ್ಲಿ ಕೈಗೆ ಲೆಕ್ಕ ತಿಳಿಯುವುದಿಲ್ಲ. ದೆವ್ವದಿಂದ ಕಳೆದದ್ದನ್ನು ಒಂದು ತಟ್ಟೆ ಬಜ್ಜಿ ಬಡ್ಡಿಸಮೇತ ತುಂಬಿಕೊಡುತ್ತದೆ.

ತಿನ್ನುತ್ತ ಹೆದರುವುದು ಉದರಕ್ಕೂ ಒಗ್ಗದ ಕೆಲಸ. ಈ ಮಾತಿಗೆ ಸಾಕ್ಷಿ ಹೇಳಿದ್ದು ಒಂದು ಬೆಕ್ಕು. ಕ್ಷಕಿರಣಗಳು ಆಗತಾನೆ ಬೆಳಕಿಗೆ ಬಂದಿದ್ದ 1890ರ ದಶಕದ ಕೊನೆಯಲ್ಲಿ, ಅಮೆರಿಕೆಯ ಹಾರ್ವರ್ಡಿನಲ್ಲಿ ವಾಲ್ಟರ್ ಕ್ಯಾನನ್ ಎಂಬ ವೈದ್ಯವಿದ್ಯಾರ್ಥಿ ಬೆಕ್ಕಿನ ಆಹಾರದಲ್ಲಿ ಬಿಸ್ಮತ್ ಎಂಬ ಲೋಹದ ಲವಣವನ್ನು ಬೆರೆಸಿ, ಅದರ ಜಠರ ಅಲೆಅಲೆಯಾಗಿ ಚಲಿಸುವುದನ್ನು ಕಂಡನು. ಬೆಕ್ಕು ಕಳವಳಗೊಂಡ ಕ್ಷಣವೇ ಆ ಚಲನೆ ನಿಂತುಹೋಯಿತು. ಶಾಂತವಾದ ಮೇಲೆ ಮತ್ತೆ ಮೊದಲಾಯಿತು. ಮುಂದೆ 1915ರಲ್ಲಿ ಆತ ಭಯ, ಕೋಪ, ಹಸಿವುಗಳು ದೇಹದಲ್ಲಿ ಮಾಡುವ ಬದಲಾವಣೆಗಳನ್ನು ಕುರಿತು ಹೆಸರಾಂತ ಗ್ರಂಥವನ್ನೇ ಬರೆದನು. ಭಯವಾದಾಗ ದೇಹ ಓಟಕ್ಕೋ ಕಾದಾಟಕ್ಕೋ ಅಣಿಯಾಗುತ್ತದೆ. ಅಡುಗೆಮನೆಯ ಒಲೆಯನ್ನು ಆರಿಸಿ ರಕ್ತವನ್ನೆಲ್ಲ ಕೈಕಾಲುಗಳಿಗೆ ಕಳಿಸುವ ಹಾಗೆ. ಬಾಯಿ ಒಣಗುವುದೂ ಅದಕ್ಕಾಗಿಯೇ. ಇನ್ನು ರಕ್ತ ಹೆಪ್ಪುಗಟ್ಟುವ ಮಾತು. ಅದು ಕಾದಂಬರಿಕಾರರ ಸೊತ್ತೆಂದು ತಿಳಿದಿದ್ದೆವು. 2015ರಲ್ಲಿ ಹಾಲೆಂಡಿನ ಲೈಡನ್ನಿನ ಸಂಶೋಧಕರು 24 ಮಂದಿಗೆ ಒಂದು ಭೂತದ ಚಿತ್ರವನ್ನೂ ಒಂದು ಸಪ್ಪೆ ಸಾಕ್ಷ್ಯಚಿತ್ರವನ್ನೂ ತೋರಿಸಿ ರಕ್ತ ಪರೀಕ್ಷಿಸಿದರು. ಭೂತವನ್ನು ಕಂಡಾಗ, ಹೆಪ್ಪುಗಟ್ಟಲು ನೆರವಾಗುವ ಒಂದು ಪ್ರೋಟೀನು ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಏರಿತ್ತು. ರಕ್ತ ಹೆಪ್ಪೇನೂ ಗಟ್ಟಲಿಲ್ಲವೆಂಬುದನ್ನು ಅವರೇ ಹೇಳಿದ್ದಾರೆ. ಕಾದಂಬರಿಕಾರರು ಅರ್ಧ ಗೆದ್ದಂತಾಯಿತು.

ಇಷ್ಟೆಲ್ಲ ಹೇಳಿದ ಮೇಲೆ ಆ ಬಜ್ಜಿಯನ್ನು ಕರಿದವರು ಯಾರೆಂಬ ಪ್ರಶ್ನೆ ಉಳಿಯುತ್ತದೆ. ನನಗೆ ಮುಖ್ಯವಾಗಿ ಕಾಣುವುದು ಇದೇ.

2019ರಲ್ಲಿ ಭಾರತ ಸರ್ಕಾರ ನಡೆಸಿದ ಕಾಲವಿನಿಯೋಗದ ಸಮೀಕ್ಷೆಯಲ್ಲಿ, ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ 299 ನಿಮಿಷಗಳನ್ನು ಅದಕ್ಕಾಗಿ ಕಳೆಯುತ್ತಾರೆಂದು ತಿಳಿದುಬಂತು. ಗಂಡಸರು? ನೂರಕ್ಕೆ ಇಪ್ಪತ್ತಾರು ಮಂದಿ ಮಾತ್ರ ಆ ಕೆಲಸಕ್ಕೆ ಕೈಹಾಕುವವರು. ಕೈಹಾಕಿದವರದೂ 97 ನಿಮಿಷ. ಹೀಗಿರುವಾಗ ಮನೆಯೊಡತಿಗೆ ನಡಿಗೆಯ ಹೊತ್ತು ಯಾವುದು? ‘ದಿನವೆಲ್ಲ ಓಡಾಡುತ್ತಲೇ ಇರುತ್ತಾಳಲ್ಲ, ಅದೇ ವ್ಯಾಯಾಮ’ ಎಂಬುದು ಯಜಮಾನರುಗಳ ಸಿದ್ಧ ಉತ್ತರ. ನೆಲ ಒರೆಸುವುದು, ಬಟ್ಟೆ ಒಗೆಯುವುದು ವ್ಯಾಯಾಮವೆಂದು ಒಪ್ಪೋಣ. ಒಲೆಯ ಮುಂದೆ ಒಂದೇ ಕಡೆ ಎರಡು ಗಂಟೆ ನಿಲ್ಲುವುದರಿಂದ ಮಂಡಿ ಸವೆಯುತ್ತದೆಯೇ ಹೊರತು ಉಸಿರು ಬಿರುಸಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳೆಂದು ಗೊತ್ತುಮಾಡಿದ್ದು ಉಸಿರು ಬಿರುಸಾಗುವ ಬಗೆಯ ಚಟುವಟಿಕೆಯನ್ನು.

ನಮ್ಮ ಬಡಾವಣೆಯ ಒಬ್ಬ ರಾಯರ ಮನೆಯಲ್ಲಿ ನಡೆದ ಸಂಗತಿ ಇದು. ರಾಯರ ಪತ್ನಿಯ ರಕ್ತದಲ್ಲಿ ಸಕ್ಕರೆ ಗಡಿಯ ಮೇಲೆ ನಿಂತಿದೆಯೆಂದು ವೈದ್ಯರು ಎಚ್ಚರಿಸಿದರು. ಅಂಥ ಗಡಿಯ ಮೇಲೆ ನಮ್ಮ ದೇಶದಲ್ಲಿ 13 ಕೋಟಿ 60 ಲಕ್ಷ ಮಂದಿ ನಿಂತಿದ್ದಾರೆಂದು 2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಹೇಳುತ್ತದೆ. ಗಡಿ ದಾಟಿದವರು ಬೇರೆ 10 ಕೋಟಿಗೂ ಮೇಲೆ. ದಿನವೂ ನಡೆಯಬೇಕೆಂದು ವೈದ್ಯರು ಚೀಟಿಯಲ್ಲಿ ಬರೆದುಕೊಟ್ಟರು. ರಾಯರು ಆ ಸಂಜೆಯೇ ಹೊಸ ಬೂಟುಗಳನ್ನು ಕೊಂಡು ತಂದರು, ತಮ್ಮ ಕಾಲಿನ ಅಳತೆಯವು. ಎರಡು ತಿಂಗಳ ಕಾಲ ಚೀಟಿ ಆಕೆಯ ಹೆಸರಿನಲ್ಲೇ ಇತ್ತು, ನಡಿಗೆ ರಾಯರದಾಗಿತ್ತು. ಅವರು ನಡೆದು ಬರುವ ಹೊತ್ತಿಗೆ ಆಕೆ ಚಪಾತಿ ಲಟ್ಟಿಸುತ್ತಿದ್ದರು. ಶನಿವಾರದ ಚಿತ್ರವೂ ಆಕೆಗೆ ಚೂರುಚೂರಾಗಿಯೇ ದಕ್ಕುತ್ತಿತ್ತು. ದೆವ್ವ ಚೀರಿದ ಸದ್ದಿಗೆ ಬಾಣಲೆ ಬಿಟ್ಟು ಓಡಿ ಬರುವರು. ಒಗ್ಗರಣೆಯ ವಾಸನೆಗೆ ಮತ್ತೆ ಒಳಗೋಡುವರು. ಯಾವ ಚಿತ್ರದಲ್ಲಿ ಯಾವ ದೆವ್ವ ಎಲ್ಲಿಂದ ಬಂತೆಂಬುದು ಆಕೆಗೆ ಗೊತ್ತು. ಏಕೆ ಬಂತೆಂಬುದು ಒಂದರಲ್ಲಿಯೂ ಗೊತ್ತಿಲ್ಲ.

ಮಾತೆತ್ತಿದವರು ರಾಯರ ತಾಯಿ. ಒಂದು ದಿನ ಬೂಟು ಕಟ್ಟಿಕೊಳ್ಳುತ್ತಿದ್ದ ಮಗನನ್ನು ತಡೆದು, “ಏನೋ, ಚೀಟಿ ಯಾರ ಹೆಸರಿಗೆ ಬರೆದದ್ದು? ಅವಳಿಗೆ ಕಷಾಯ ಬರೆದುಕೊಟ್ಟರೆ ಅದನ್ನೂ ನೀನೇ ಕುಡಿಯುತ್ತೀಯೇನೋ?” ಎಂದು ಕೇಳಿದರು. ರಾಯರು, “ಅಲ್ಲಮ್ಮ, ಅಡುಗೆ...” ಎಂದು ತೊದಲಿದರು. “ಅಡುಗೆಗೇನೋ? ಅವಲಕ್ಕಿ ನೆನೆಹಾಕಲು ನನಗೆ ಕೈ ಇಲ್ಲವೆ, ತೆಂಗಿನಕಾಯಿ ತುರಿಯಲು ನಿನಗಿಲ್ಲವೆ?” ಎಂದಿತು ಹಿರಿಯ ಜೀವ.

ಅಂದಿನಿಂದ ಆ ಮನೆಯ ಶನಿವಾರ ಬದಲಾಗಿದೆ. ಏಳು ಗಂಟೆಗೆ ಊಟ ಮುಗಿಯಬೇಕು. ಒಗ್ಗರಣೆ ಹಾಕಿದ ಅವಲಕ್ಕಿ, ಹೆಸರುಬೇಳೆಯ ಕೋಸಂಬರಿ, ಮಜ್ಜಿಗೆ. ಕೆಲವು ವಾರ ರಾಗಿದೋಸೆ. ದೋಸೆಯ ವಾರ ಹುಯ್ಯುವವರು ರಾಯರು, ಮೊದಲನೆಯ ದೋಸೆ ಕಾವಲಿಗೆ ನೈವೇದ್ಯ. ಉಂಡ ಮೇಲೆ ಬಡಾವಣೆಯ ಉದ್ಯಾನದ ಸುತ್ತ ಎಲ್ಲರೂ ನಡೆಯುತ್ತಾರೆ. ತಾಯಿಯವರು ಕಲ್ಲುಬೆಂಚಿನ ಮೇಲೆ ಕುಳಿತು ಸುತ್ತುಗಳನ್ನು ಎಣಿಸುತ್ತಾರೆ. ಊಟದ ಬೆನ್ನಿಗೇ ನಡೆದರೆ ರಕ್ತದ ಸಕ್ಕರೆ ಅಷ್ಟಾಗಿ ಏರುವುದಿಲ್ಲವೆಂಬುದನ್ನು ವೈದ್ಯರೂ ಒಪ್ಪುತ್ತಾರೆ. ಎಂಟೂವರೆಗೆ ಚಿತ್ರ. ಒಲೆ ಆರಿರುತ್ತದೆ, ನಡುವೆ ಬೇಕೆಂದವರಿಗೆ ಕಡಲೆಪುರಿ ಮಾತ್ರ. ಉಳಿದ ದಿನಗಳ ನಡಿಗೆ ಇನ್ನೂ ಇಷ್ಟು ಸುಗಮವಾಗಿಲ್ಲ. ವಾರಕ್ಕೆ ಮೂರು ದಿನ ಆದರೆ ಪುಣ್ಯವೆಂದು ಆಕೆಯೇ ಹೇಳಿದರು. ಮುಂದಿನ ರಕ್ತಪರೀಕ್ಷೆ ದಸರೆಯ ಹೊತ್ತಿಗೆ.

ಒಂದು ತೊಡಕು ಕಾಣಿಸಿಕೊಂಡದ್ದನ್ನೂ ಹೇಳಬೇಕು. ಮೊದಲ ವಾರವೇ ಎಲ್ಲರಿಗೂ ನೀರಡಿಕೆ. ಕತ್ತಲಾದ ಅಡುಗೆಮನೆಗೆ ಒಬ್ಬರೇ ಹೋಗುವ ಎದೆ ಯಾರಿಗೂ ಇಲ್ಲ. ಕೊನೆಗೆ ನಾಲ್ವರೂ ಒಬ್ಬರ ಹಿಂದೊಬ್ಬರು ಮೆರವಣಿಗೆ ಹೊರಟು ಒಂದು ಚೆಂಬು ನೀರು ತಂದರು. ಇದುವರೆಗೆ ಪ್ರತಿ ಶನಿವಾರವೂ ಆಕೆ ಆ ಅಡುಗೆಮನೆಯಲ್ಲಿ ಒಬ್ಬರೇ ಇರುತ್ತಿದ್ದರೆಂಬುದು ಆಗ ರಾಯರ ಮನಸ್ಸಿಗೆ ಹೊಳೆದಿರಬೇಕು. ಮರುವಾರದಿಂದ ಹೂಜಿ ನಡುಮನೆಗೆ ಬಂತು.

ಮಕ್ಕಳ ವಿಷಯದಲ್ಲಿ ಎರಡು ಮಾತು. 2024ರಿಂದ ನಮ್ಮ ಚಿತ್ರಗಳ ಪ್ರಮಾಣಪತ್ರದಲ್ಲಿ ಏಳು, ಹದಿಮೂರು, ಹದಿನಾರು ವರ್ಷ ಎಂಬ ಮೂರು ಮೆಟ್ಟಿಲುಗಳನ್ನು ಗುರುತಿಸಿದ್ದಾರೆ. ಅದನ್ನು ನೋಡಿಕೊಳ್ಳುವುದು ಒಳ್ಳೆಯದು, ಅದನ್ನೇ ನಂಬಿ ಕೂರುವುದು ಬೇಡ. ಹನ್ನೆರಡರ ಹುಡುಗ ನಕ್ಕು ಸುಮ್ಮನಾದ ದೃಶ್ಯಕ್ಕೆ ಹದಿನಾಲ್ಕರ ಹುಡುಗಿ ಮೂರು ರಾತ್ರಿ ದೀಪ ಆರಿಸಗೊಡದೆ ಇರಬಹುದು. ಅಜ್ಜಿ ಮಗುವಿನ ಕಣ್ಣು ನೋಡಿ ಕಥೆ ತಿರುಗಿಸುತ್ತಿದ್ದಳು. ಯಂತ್ರಕ್ಕೆ ಆ ಕಣ್ಣಿಲ್ಲ. ಆದ್ದರಿಂದ ನಿಲ್ಲಿಸುವ ಗುಂಡಿ ದೊಡ್ಡವರ ಕೈಯಲ್ಲಿರಲಿ. ರಾಯರ ಮನೆಯಲ್ಲಿ ಅದು ಅಜ್ಜಿಯ ಮಡಿಲಲ್ಲಿದೆ. ಭಯ ಮೀರಿತೆನಿಸಿದರೆ ಆಕೆ ನಿಲ್ಲಿಸಿ, “ಇವಳು ಕಣ್ಣಿಗೆ ಎಷ್ಟು ಡಬ್ಬಿ ಕಾಡಿಗೆ ಹಚ್ಚಿಕೊಂಡಿದ್ದಾಳೆ ನೋಡಿರೋ!” ಎನ್ನುತ್ತಾರಂತೆ.

ಕಳೆದ ಶನಿವಾರ ಅವರು ನೋಡಿದ್ದು ‘ಆಪ್ತಮಿತ್ರ’. 2004ರಲ್ಲಿ ಬಂದ ಚಿತ್ರ. ಟೀವಿಯಲ್ಲಿ ಎಷ್ಟು ಸಲ ಬಂದುಹೋಯಿತೋ ಲೆಕ್ಕವಿಲ್ಲ. ರಾಯರ ಪತ್ನಿ ಅದನ್ನು ಮೊದಲಿನಿಂದ ಕೊನೆಯವರೆಗೆ ಕುಳಿತು ನೋಡಿದ್ದು ಇದೇ ಮೊದಲು. ವಿಷ್ಣುವರ್ಧನರ ವೈದ್ಯಪಾತ್ರ ಬಂದು, ನಾಗವಲ್ಲಿಯಾಗಿ ಕಾಣಿಸಿಕೊಳ್ಳುತ್ತಿದ್ದುದು ಮನೋರೋಗಕ್ಕೆ ತುತ್ತಾದ ಮನೆಯ ಹೆಣ್ಣೇ ಎಂದು ಬಿಡಿಸಿ ಹೇಳುವ ಭಾಗ ಮುಗಿದಾಗ ಆಕೆ ಬೆಚ್ಚಿಬಿದ್ದು ಗಂಡನ ಕಡೆಗೆ ತಿರುಗಿದರಂತೆ.

“ಏನೂಂದ್ರೆ, ಹಾಗಾದರೆ ಅದು ದೆವ್ವವೇ ಅಲ್ಲವೇ? ಇಷ್ಟು ವರ್ಷವೂ ದೆವ್ವವೆಂದೇ ತಿಳಿದಿದ್ದೆನಲ್ಲ! ಡಾಕ್ಟರು ಈ ಮಾತು ಹೇಳುವ ಹೊತ್ತಿಗೆ ಸರಿಯಾಗಿ ಪ್ರತಿ ಸಲವೂ ಹಾಲು ಉಕ್ಕುತ್ತಿತ್ತು.”