ಗೇರ್‌ಬಾಕ್ಸಿನ ದುರಸ್ತಿಯೂ ದುಬಾರಿಯ ಕಾಲವೂ

ಭಾನುವಾರದ ಸಾಹಿತ್ಯದ ಪುಟದಲ್ಲಿ ಗೇರ್‌ಬಾಕ್ಸಿನ ಮಾತನ್ನೆತ್ತುವುದು ಕೆಲವು ವಾಚಕರಿಗೆ ಅಸಂಗತವಾಗಿ ತೋರಬಹುದು. ಖಾನಾಪುರದ ಕಡೆಯಿಂದ ಬರುವ ನನ್ನ ವಿದ್ಯಾರ್ಥಿಗಳಿಗೆ ‘ಗೇರು’ ಎಂದೊಡನೆ ನೆನಪಾಗುವುದು ಬೇಸಗೆಯ ಗೇರುಹಣ್ಣು. ಆದರೆ ಈಚೆಗೆ ನಮ್ಮ ವಡಗಾವಿಯ ಚಹದಂಗಡಿಗಳಲ್ಲಿಯೂ ಕಾಲೇಜಿನ ಅಧ್ಯಾಪಕರ ಕೋಣೆಯಲ್ಲಿಯೂ ಅಕ್ಕಿ ಎಣ್ಣೆಗಳ ಧಾರಣೆಯ ಮಾತಿನ ಬೆನ್ನಿಗೇ ಕೇಳಿಬರುತ್ತಿರುವುದು ಕಬ್ಬಿಣದ ಗೇರಿನ ಮಾತು. ಗಾಡಿಯ ಗೇರ್‌ಬಾಕ್ಸು ಬಿಚ್ಚಿಸುವ ಪ್ರಸಂಗ ಬಂದರೆ ಮನೆಯ ತಿಂಗಳ ಲೆಕ್ಕವೇ ಬುಡಮೇಲಾಗುತ್ತದೆ ಎಂಬ ದೂರು ಸಾರ್ವತ್ರಿಕವಾಗಿದೆ. ದೂರು ನಿಜ. ಆದರೆ ಅದಕ್ಕೆ ಜನ ಕೊಡುವ ಕಾರಣ, ಎಲ್ಲದರ ಬೆಲೆಯೂ ಏರಿತು, ಇದರದೂ ಏರಿತು ಎಂಬುದು, ಅರ್ಧ ಮಾತ್ರ ನಿಜವೆಂದು ನನ್ನ ಅಭಿಪ್ರಾಯ.

ವಡಗಾವಿ, ಖಾಸಬಾಗ, ಶಹಾಪುರಗಳು ಬೆಳಗಾವಿಯ ನೇಕಾರರ ಕೇರಿಗಳು. ಇಲ್ಲಿ ಮಗ್ಗದ ಸಪ್ಪಳ ನಿಂತರೆ ಹೇಗೆ ಮನೆಯ ಒಲೆ ತಣ್ಣಗಾಗುವುದೋ, ನೂಲಿನ ಚೀಲವನ್ನೂ ಸೀರೆಯ ಗಂಟನ್ನೂ ಹೊತ್ತು ತಿರುಗುವ ಸಣ್ಣ ಟೆಂಪೋ ನಿಂತರೂ ಹಾಗೆಯೇ. 2005ರಲ್ಲಿ ಟಾಟಾ ಏಸ್ ಬಂದಿತು; ಜನ ಅದನ್ನು ‘ಛೋಟಾ ಹಾಥಿ’ ಎಂದು ಪ್ರೀತಿಯಿಂದ ಕರೆದರು; ಮೊದಲು ಕೂಲಿಯ ಚಾಲಕರಾಗಿದ್ದ ಎಷ್ಟೋ ಮಂದಿ ಸಾಲ ತೆಗೆದು ಸ್ವಂತ ಗಾಡಿಯ ಮಾಲಕರಾದರು. ಮಾಲಕ ಎಂಬ ಶಬ್ದ ದೊಡ್ಡದು. ಸಾಲದ ಕಂತು ತೀರುವವರೆಗೆ ಅವನು ಬ್ಯಾಂಕಿನ ಚಾಲಕನೇ ಸರಿ. ಇಂಥವನ ಗಾಡಿ ಒಂದು ವಾರ ಗ್ಯಾರೇಜಿನಲ್ಲಿ ನಿಂತರೆ ಅವನಿಗಾಗುವ ನಷ್ಟ ಎರಡು: ಬಿಲ್ಲಿನ ಹಣವೊಂದು, ಕೈತಪ್ಪಿದ ಬಾಡಿಗೆ ಇನ್ನೊಂದು. ಶೋರೂಮಿನ ಕುರ್ಚಿಯಲ್ಲಿ ಕುಳಿತು ಕಾಫಿ ಕುಡಿಯುತ್ತ ಕಾಯುವ ಕಾರಿನ ಯಜಮಾನನಿಗೆ ಈ ಎರಡನೆಯ ನಷ್ಟದ ಕಲ್ಪನೆ ಇರುವುದಿಲ್ಲ.

ಇದರ ಮೇಲೆ ನಮ್ಮ ನೆಲದ ಗುಣ. ಬೆಳಗಾವಿಯಿಂದ ಗೋವೆಗೆ ಹೊರಟ ಗಾಡಿ ಖಾನಾಪುರ, ಲೋಂಡಾಗಳನ್ನು ದಾಟಿ ಅನಮೋಡ ಘಾಟನ್ನು ಇಳಿಯಬೇಕು. ಇಲ್ಲವೆ ಜಾಂಬೋಟಿ, ಕಣಕುಂಬಿಗಳ ಮೇಲಿಂದ ಚೋರ್ಲಾ ಘಾಟನ್ನು. ಇಳಿಯುವಾಗ ಬ್ರೇಕೊಂದನ್ನೇ ನೆಚ್ಚದೆ ಕೆಳಗಿನ ಗೇರಿನಲ್ಲಿ ಗಾಡಿಯನ್ನು ತಡೆಹಿಡಿದು ಇಳಿಸಬೇಕು. ಏರುವಾಗ ಹೇರಿನ ಭಾರವೆಲ್ಲ ಅದೇ ಹಲ್ಲುಗಳ ಮೇಲೆ. ತಿಂಗಳುಗಟ್ಟಲೆ ಹೊಯ್ಯುವ ಖಾನಾಪುರದ ಮಳೆಯಲ್ಲಿ ನೀರೂ ಕೆಸರೂ ಗಾಡಿಯ ಹೊಟ್ಟೆಯನ್ನು ಸೇರುವುದು ಬೇರೆ.

ಆದರೂ ಗೇರ್‌ಬಾಕ್ಸು ಸುಲಭವಾಗಿ ಕೆಡುವ ವಸ್ತುವಲ್ಲ. ಒಳಗಿನ ಉಕ್ಕಿನ ಹಲ್ಲುಗಾಲಿಗಳು ಎಣ್ಣೆಯಲ್ಲಿ ತೊಯ್ದು ತಿರುಗುತ್ತವೆ. ಎಣ್ಣೆ ಚೊಕ್ಕಟವಾಗಿರುವವರೆಗೆ ಹಲ್ಲು ಬಹುಕಾಲ ಬಾಳುತ್ತದೆ. ಮೊದಲು ಸವೆಯುವುದು ಪೆಟ್ಟಿಗೆಯ ಹೊರಗಿರುವ ಕ್ಲಚ್ ಪ್ಲೇಟು. ಆಮೇಲೆ ಒಳಗಿನ ಹಿತ್ತಾಳೆಯ ಸಿಂಕ್ರೋ ರಿಂಗು. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಭಾಗಗಳನ್ನು ಜಗಳವಿಲ್ಲದೆ ಒಂದೇ ವೇಗಕ್ಕೆ ತರುವ ಮಧ್ಯಸ್ಥನಿದು. ಅನಂತರ ಬೇರಿಂಗು, ಆಯಿಲ್ ಸೀಲು. ‘ಗೇರು ಬೀಳುವುದಿಲ್ಲ’, ‘ಗೇರು ಹಾರುತ್ತದೆ’ ಎಂದು ಚಾಲಕರು ಹೇಳುವ ರೋಗಗಳ ಮೂಲ ಅನೇಕ ವೇಳೆ ಇಂಥ ಸಣ್ಣ ಭಾಗಗಳಲ್ಲಿಯೇ ಇರುತ್ತದೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಾದವೆಲ್ಲ ಇದರ ಮೇಲೆ ನಿಂತಿದೆ.

ಮೊದಲು, ಬಿಲ್ಲಿನ ಮೇಲೆ ಕಣ್ಣಿಗೆ ಕಾಣುವ ಕಾರಣಗಳನ್ನು ನೋಡೋಣ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ವಾಹನದ ಬಿಡಿಭಾಗಗಳಲ್ಲಿ ಹಲವು ಶೇಕಡಾ 28ರ ವರ್ಗಕ್ಕೆ ಬಿದ್ದವು. ಸವೆದ ಭಾಗವನ್ನು ಬದಲಿಸುವುದು ಭೋಗವಸ್ತುಗಳ ಸಾಲಿನ ಸುಖವೆಂದು ಸರಕಾರಕ್ಕೆ ಏಕೆ ತೋರಿತೋ ತಿಳಿಯದು. ಮಜೂರಿಯ ಮೇಲೆ ಅದುವರೆಗೆ ಶೇಕಡಾ 15ರಷ್ಟಿದ್ದ ಸೇವಾ ತೆರಿಗೆ 18ಕ್ಕೆ ಏರಿತು. ವರ್ಷದ ವಹಿವಾಟು 20 ಲಕ್ಷ ರೂಪಾಯಿ ಮೀರದ ಸಣ್ಣ ಗ್ಯಾರೇಜಿನವನು ಜಿಎಸ್‌ಟಿ ನೋಂದಣಿಯಿಂದ ಹೊರಗುಳಿಯಬಹುದಾದುದರಿಂದ ಅವನ ಮಜೂರಿಗೆ ತೆರಿಗೆಯಿಲ್ಲ. ಆದರೆ ಅವನು ಅಂಗಡಿಯಿಂದ ತರುವ ಭಾಗಗಳಿಗೆ ತಪ್ಪಿದ್ದಲ್ಲ. ಎಂಟು ವರುಷಗಳ ಮೇಲೆ, 2025ರ ಸೆಪ್ಟೆಂಬರ್ 22ರಿಂದ, ಬಿಡಿಭಾಗಗಳ ತೆರಿಗೆಯನ್ನು ಶೇಕಡಾ 18ಕ್ಕೆ ಇಳಿಸಲಾಯಿತು. ಇಪ್ಪತ್ತು ಸಾವಿರ ರೂಪಾಯಿಯ ಭಾಗಗಳ ಮೇಲೆ ಮೊದಲು ತೆರಿಗೆ 5,600 ಆಗುತ್ತಿದ್ದರೆ ಈಗ 3,600. ಉಳಿತಾಯ ಎರಡು ಸಾವಿರ. ಇದು ಅಲ್ಪವೇನಲ್ಲ. ಹಾಗಿದ್ದೂ ನಮ್ಮ ಕೇರಿಯಲ್ಲಿ ಬಿಲ್ಲು ಹಗುರಾಯಿತೆಂದು ಹೇಳುವವರು ವಿರಳ. ಅಂದಮೇಲೆ ಹೊರೆಯ ಮೂಲ ತೆರಿಗೆಯೊಂದೇ ಆಗಿರಲಾರದು.

ರೂಪಾಯಿಯ ಇಳಿತವೂ ಇದೆ. 2014ರಲ್ಲಿ ಡಾಲರಿಗೆ 60ರ ಆಸುಪಾಸಿನಲ್ಲಿದ್ದ ವಿನಿಮಯ ದರ 2025ರಲ್ಲಿ 85ನ್ನು ದಾಟಿತು. ಕಚ್ಚಾ ತೈಲವನ್ನು ಬಹುಮಟ್ಟಿಗೆ ಹೊರದೇಶಗಳಿಂದಲೇ ತರಿಸುವ ದೇಶದಲ್ಲಿ ಅದರ ಬಿಸಿ ಗೇರಿನ ಎಣ್ಣೆಗೂ ತಟ್ಟದಿರದು. ಮಜೂರಿಯೂ ಏರಿದೆ. ಇದರ ಬಗೆಗೆ ಮಾತ್ರ ನನಗೆ ದೂರಿಲ್ಲ. ಗಾಡಿಯ ಕೆಳಗೆ ಅಂಗಾತ ಮಲಗಿ, ಮುಖದ ಮೇಲೆ ಎಣ್ಣೆ ಸುರಿಸಿಕೊಂಡು, ಮಣಭಾರದ ಪೆಟ್ಟಿಗೆಯನ್ನು ಎದೆಯ ಮೇಲಿಂದಿಳಿಸುವ ಮನುಷ್ಯನ ದಿನಗೂಲಿ ಹೆಚ್ಚಾಯಿತೆಂದು, ವೇತನ ಆಯೋಗಕ್ಕಾಗಿ ಕಾದು ಕುಳಿತುಕೊಳ್ಳುವ ನಾವು ಅಧ್ಯಾಪಕರು ಗೊಣಗುವುದು ತರವಲ್ಲ.

ಇಷ್ಟೂ ಕೂಡಿಸಿದರೂ ಏರಿಕೆಯ ಲೆಕ್ಕ ಸರಿಹೊಂದುವುದಿಲ್ಲ. ಉಳಿದ ಪಾಲು ಎಲ್ಲಿಂದ ಬಂತೆಂಬುದು ಕಳೆದ ವರ್ಷ ನನ್ನ ಹಳೆಯ ಕಾರಿನ ಮೂರನೆಯ ಗೇರು ಹಾರತೊಡಗಿದಾಗ ನನಗೆ ಸ್ಪಷ್ಟವಾಯಿತು. ಕಂಪನಿಯ ಅಧಿಕೃತ ಕಾರ್ಯಾಗಾರವೊಂದರಲ್ಲಿ ವಿನಯಶೀಲನಾದ ತರುಣನೊಬ್ಬ ಗಾಡಿ ಓಡಿಸಿ ನೋಡಿ, ‘ಸರ್, ಪೂರ್ತಿ ಅಸೆಂಬ್ಲಿ ಚೇಂಜ್ ಮಾಡಬೇಕಾಗತದ’ ಎಂದನು. ಒಳಗೆ ಕೆಟ್ಟಿರುವುದೇನು ಎಂದು ಕೇಳಿದೆ. ‘ಒಳಗ ಬಿಚ್ಚೂದಿಲ್ಲರಿ ಸರ್. ಬಾಕ್ಸ್ ಹೊಸಾದ ಬರತದ.’ ಅಂದಾಜಿನ ಚೀಟಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಖಾಸಬಾಗದ ಒಬ್ಬ ಹಿರಿಯ ಮಿಸ್ತ್ರಿಯ ಬಳಿಗೆ ಹೋದೆ. ಎರಡು ದಿನಗಳ ಮೇಲೆ ಅವರು ಬಿಚ್ಚಿದ ಪೆಟ್ಟಿಗೆಯನ್ನು ತೋರಿಸಿ, ‘ಹಲ್ಲ ಛಲೋ ಅದಾವ್ರಿ ಸರ, ರಿಂಗ ಅಷ್ಟ ತಿಂದೈತಿ’ ಎಂದರು. ರಿಂಗೊಂದು, ಬೇರಿಂಗೊಂದು, ಹೊಸ ಎಣ್ಣೆ, ಮಜೂರಿ. ಎಲ್ಲ ಸೇರಿ ಮೊದಲಿನ ಚೀಟಿಯ ಐದನೆಯ ಒಂದು ಪಾಲನ್ನೂ ಮುಟ್ಟಲಿಲ್ಲ.

ಆ ತರುಣ ಮೋಸಗಾರನೆಂದು ನಾನು ಹೇಳುತ್ತಿಲ್ಲ. ಅವನ ದೃಷ್ಟಿಯಲ್ಲಿ ನ್ಯಾಯವೂ ಉಂಟು. ಪೆಟ್ಟಿಗೆ ಬಿಚ್ಚಿ ರೋಗ ಹುಡುಕಿ ಜೋಡಿಸಲು ನುರಿತವನೊಬ್ಬನ ಎರಡು ದಿನ ಬೇಕು; ಹೊಸ ಪೆಟ್ಟಿಗೆ ಕೂಡಿಸಲು ಅರ್ಧ ದಿನ ಸಾಕು. ಹೊಸದಕ್ಕೆ ಗ್ಯಾರಂಟಿ ಕೊಡಬಹುದು, ಬಿಚ್ಚಿ ಕೂಡಿಸಿದ್ದಕ್ಕೆ ಕೊಡುವುದು ಕಷ್ಟ. ಆದರೆ ಈ ಏರ್ಪಾಟಿನಲ್ಲಿ ದುರಸ್ತಿಯ ನಿರ್ಣಯ ಮಾಡುವವನೂ ಹೊಸ ಭಾಗವನ್ನು ಮಾರುವವನೂ ಒಬ್ಬನೇ. ರೋಗ ಸಣ್ಣದಾದಷ್ಟೂ ಅವನಿಗೆ ಲಾಭ ಕಡಮೆ. ಬೆಲೆ ಏರಿದೆಯೆಂದು ನಾವು ಹೇಳುವಾಗ, ಬಹಳಮಟ್ಟಿಗೆ ಏರಿರುವುದು ಒಂದೇ ಕೆಲಸದ ಬೆಲೆಯಲ್ಲ. ಒಂದು ಕೆಲಸದ ಜಾಗದಲ್ಲಿ ಇನ್ನೊಂದು ಕೆಲಸ ಬಂದು ಕುಳಿತಿದೆ.

ನಮ್ಮ ಹಳ್ಳಿಗಳ ಹಳೆಯ ಏರ್ಪಾಟನ್ನು ಇಲ್ಲಿ ನೆನೆಯಬೇಕೆನಿಸುತ್ತದೆ. ಚಕ್ಕಡಿಯ ಕಾಲದಲ್ಲಿ ‘ಸರ್ವೀಸು’ ಎಂದರೆ ಕೀಲೆಣ್ಣೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲೆಸಿ ಅಚ್ಚಿಗೆ ಬಳಿದರೆ ಮುಗಿಯಿತು. ಗಾಲಿಯೋ ಅಚ್ಚೋ ಮುರಿದರೆ ಬಡಿಗ, ಕಂಬಾರರಿದ್ದರು. ಅವರು ಆಯಗಾರರು, ಕೆಲಸ ಕೆಲಸಕ್ಕೆ ಬಿಲ್ಲಿಲ್ಲ, ಸುಗ್ಗಿಯಲ್ಲಿ ಕಣದ ಬಳಿ ಬಂದು ವರ್ಷಕ್ಕೊಮ್ಮೆ ಕಾಳಿನ ಆಯವನ್ನು ಒಯ್ಯುವರು. ಚಕ್ಕಡಿ ಎರಡು ಸಲ ಮುರಿದರೂ ಆಯ ಅಷ್ಟೇ, ಮುರಿಯದಿದ್ದರೂ ಅಷ್ಟೇ. ಆದುದರಿಂದ ಗಟ್ಟಿಯಾಗಿ ಮಾಡಿಕೊಡುವುದರಲ್ಲಿ ಬಡಿಗನ ಹಿತವೂ ಇತ್ತು. ಆಯದ ಪದ್ಧತಿಯಲ್ಲಿ ಜಾತಿಯ ಕಟ್ಟೂ ಗೌಡರ ದರ್ಪವೂ ಇದ್ದವು. ಅದನ್ನು ಮರಳಿ ತರಬೇಕೆಂದು ಯಾರೂ ಹೇಳರು. ಆದರೆ ಮುರಿತದಿಂದ ಯಾರಿಗೆ ಲಾಭ ಎಂಬ ಪ್ರಶ್ನೆಯನ್ನು ಆ ಪದ್ಧತಿ ಬಿಡಿಸಿಕೊಂಡ ರೀತಿ ವಿಚಾರಕ್ಕೆ ಯೋಗ್ಯವಾದುದು.

ಇಂದಿಗೂ ಇದಕ್ಕೆ ನಿದರ್ಶನವಿದೆ. ನಮ್ಮ ಭಾಗದ ಬಸ್ಸುಗಳನ್ನು ನಡೆಸುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಗೆ ತನ್ನದೇ ಆದ ಕಾರ್ಯಾಗಾರಗಳಿವೆ. ಅಲ್ಲಿ ಗೇರ್‌ಬಾಕ್ಸನ್ನು ಬಿಚ್ಚಿ, ಸವೆದುದನ್ನಷ್ಟೇ ಬದಲಿಸಿ ಮತ್ತೆ ರಸ್ತೆಗಿಳಿಸುತ್ತಾರೆ. ಬಸ್ಸಿನ ಒಡೆಯನೂ ದುರಸ್ತಿಗಾರನೂ ಒಂದೇ ಸಂಸ್ಥೆಯಾದುದರಿಂದ ಬೇರೆ ಮಾಡಿದರೆ ನಷ್ಟ ಅದರದೇ. ವೆಚ್ಚ ಕೈಮೀರಿದಾಗ ಸಂಸ್ಥೆಗೆ ಇನ್ನೊಂದು ಬಾಗಿಲೂ ಇದೆ. 2025ರ ಜನವರಿಯಲ್ಲಿ ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳ ಪ್ರಯಾಣದರ ಶೇಕಡಾ 15ರಷ್ಟು ಏರಿತು. ವಡಗಾವಿಯ ಟೆಂಪೋದವನಿಗೆ ಈ ಎರಡು ಬಾಗಿಲುಗಳಲ್ಲಿ ಒಂದೂ ಇಲ್ಲ. ಬಾಡಿಗೆ ಹತ್ತು ರೂಪಾಯಿ ಹೆಚ್ಚು ಕೇಳಿದರೆ ಸೇಠಜಿ ಮುಂದಿನ ಗಾಡಿಯನ್ನು ಕರೆಯುತ್ತಾನೆ.

ಹಾಗಾದರೆ ಸಣ್ಣ ಗ್ಯಾರೇಜಿಗೆ ಹೋಗಲಿ ಎನ್ನಬಹುದು. ಹೋಗುವ ದಾರಿಯಲ್ಲಿ ಬೇಲಿಗಳಿವೆ. ಈ ಬೇಲಿಗಳನ್ನು ದೇಶದ ಒಂದು ಅಧಿಕೃತ ಸಂಸ್ಥೆಯೇ ಪರಿಶೀಲಿಸಿ ನೋಡಿದೆ. 2014ರ ಆಗಸ್ಟ್ 25ರಂದು ಭಾರತದ ಸ್ಪರ್ಧಾ ಆಯೋಗ ಹದಿನಾಲ್ಕು ಕಾರು ತಯಾರಕರ ಮೇಲೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕಿದ ದಂಡ ವಿಧಿಸಿತು. ಆಪಾದನೆಯ ಸಾರ ಇಷ್ಟು: ಬಿಡಿಭಾಗಗಳೂ ದುರಸ್ತಿಯ ಕೈಪಿಡಿಗಳೂ ರೋಗಪರೀಕ್ಷೆಯ ಸಲಕರಣೆಗಳೂ ಹೊರಗಿನ ಗ್ಯಾರೇಜಿನವರಿಗೆ ಮುಕ್ತವಾಗಿ ದೊರೆಯದಂತೆ ಮಾಡಲಾಗಿದೆ, ಹೊರಗೆ ಕೈಹಾಕಿಸಿದರೆ ವಾರಂಟಿ ಹೋಗುತ್ತದೆಂಬ ಷರತ್ತು ಗಿರಾಕಿಯನ್ನು ಕಟ್ಟಿಹಾಕಿದೆ. ಇವನ್ನು ಸಡಿಲಿಸಬೇಕೆಂದು ಆಯೋಗ ಆಜ್ಞಾಪಿಸಿತು. ಮೇಲ್ಮನವಿ ನ್ಯಾಯಮಂಡಳಿ 2016ರಲ್ಲಿ ಮೂರು ಕಂಪನಿಗಳ ದಂಡವನ್ನು ಇಳಿಸಿತಾದರೂ ತಪ್ಪು ನಡೆದಿದೆಯೆಂಬ ನಿರ್ಣಯವನ್ನು ಎತ್ತಿಹಿಡಿಯಿತು. ಉಳಿದ ಕಂಪನಿಗಳು ಬೇರೆ ಬೇರೆ ನ್ಯಾಯಾಲಯಗಳ ಮೆಟ್ಟಿಲೇರಿದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕು’ ಎಂಬ ವಿಚಾರಕ್ಕೆ ಸಮಿತಿಯೊಂದನ್ನು ನೇಮಿಸಿ, ಅದೇ ವರ್ಷದ ಡಿಸೆಂಬರ್ 24ರಂದು ಒಂದು ಜಾಲತಾಣವನ್ನು ತೆರೆಯಿತು; ಕೃಷಿಯಂತ್ರಗಳೂ ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ತಾಣ ತೆರೆದಿದೆ, ಕಾಯಿದೆಯ ಬಲ ಅದಕ್ಕಿಲ್ಲ. ಅಲ್ಲಿ ದೊರೆಯುವುದು ಕಂಪನಿಗಳು ತಾವಾಗಿ ಕೊಟ್ಟಷ್ಟು ಮಾಹಿತಿ.

ಈ ನಡುವೆ ಪೆಟ್ಟಿಗೆಯೇ ಬದಲಾಗುತ್ತಿದೆ. 2014ರಲ್ಲಿ ಮಾರುತಿ ಸೆಲೆರಿಯೋ ಕಾರಿನೊಡನೆ, ಕ್ಲಚ್ಚನ್ನು ಕಾಲಿನಿಂದ ತುಳಿಯದೆ ಯಂತ್ರವೇ ಗೇರು ಬದಲಿಸುವ ಎ.ಎಂ.ಟಿ. ಎಂಬ ಅಗ್ಗದ ಉಪಾಯ ಸಾಮಾನ್ಯರ ಕೈಗೆ ಬಂದಿತು. ಪೇಟೆಯ ದಟ್ಟಣೆಯಲ್ಲಿ ಅದು ಸುಖವೇ. ಒಳಗಿರುವುದು ಅದೇ ಹಳೆಯ ಹಲ್ಲು, ಅದೇ ಕ್ಲಚ್ ಪ್ಲೇಟು. ಆದರೆ ಪ್ಲೇಟು ಬದಲಿಸಿದ ಮೇಲೆ ಅದು ಎಲ್ಲಿ ಕಚ್ಚುತ್ತದೆ ಎಂಬುದನ್ನು ಗಾಡಿಯ ಕಂಪ್ಯೂಟರಿಗೆ ಹೊಸದಾಗಿ ‘ಕಲಿಸ’ಬೇಕು. ಕಲಿಸುವ ಸಲಕರಣೆ ಇಲ್ಲದ ಮಿಸ್ತ್ರಿ ಕೆಲಸವನ್ನೆಲ್ಲ ಮುಗಿಸಿಯೂ ಗಾಡಿಯನ್ನು ಕದಲಿಸಲಾರ. ಮೂವತ್ತು ವರುಷ ಗೇರ್‌ಬಾಕ್ಸು ಬಿಚ್ಚಿದ ಕೈಗೆ ಅಕ್ಷರಾಭ್ಯಾಸವಾಗಿಲ್ಲವೆಂದು ಪೆಟ್ಟಿಗೆ ಹೇಳಿದಂತಾಯಿತು. ವಿದ್ಯುತ್ ವಾಹನಗಳಲ್ಲಿ ಸಾಮಾನ್ಯವಾಗಿ ಒಂದೇ ಗೇರು, ಕ್ಲಚ್ಚಿಲ್ಲ. ಅಲ್ಲಿ ಈ ಚರ್ಚೆ ಬ್ಯಾಟರಿಯ ಹೆಸರಿನಲ್ಲಿ ಮುಂದುವರಿಯುವುದೆಂದು ತೋರುತ್ತದೆ.

ನನಗೆ ಹೆಚ್ಚು ವ್ಯಥೆಯೆನಿಸುವುದು ಇದೆಲ್ಲ ಬೆಳಗಾವಿಯಂಥ ಊರಿನಲ್ಲಿ ನಡೆಯುವುದು. ನಮ್ಮ ಉದ್ಯಮಬಾಗದ ಫೌಂಡ್ರಿಗಳಲ್ಲಿ ಕಬ್ಬಿಣ ಕರಗಿ ವಾಹನದ ಭಾಗಗಳಾಗಿ ದೇಶದ ಕಾರ್ಖಾನೆಗಳಿಗೆ ಹೋಗುತ್ತದೆ. ಲೇತಿನ ಮೇಲೆ ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಿನಿಂದಲೇ ಅರಿಯುವ ಜನ ಈ ಊರಿನಲ್ಲಿದ್ದಾರೆ. ಲೋಹದ ವಿದ್ಯೆಗೆ ಇಲ್ಲಿ ಬರವಿಲ್ಲ. ಆ ವಿದ್ಯೆ ಸವೆದ ವಸ್ತುವಿನ ಹತ್ತಿರ ಬರಲು ದಾರಿಯಿಲ್ಲ. ಖಾಸಬಾಗದ ಮಿಸ್ತ್ರಿಯ ಬಳಿ ಹಿಂದೆ ಮೂರು ನಾಲ್ಕು ಹುಡುಗರು ಕಲಿಯುತ್ತಿದ್ದರು. ಈಗ ಒಬ್ಬನಿದ್ದಾನೆ, ಅವನೂ ಶೋರೂಮಿನ ನೌಕರಿಗೆ ಅರ್ಜಿ ಹಾಕಿದ್ದಾನೆ. ತಿಂಗಳ ಪಗಾರ, ಸಮವಸ್ತ್ರ, ಭಾನುವಾರದ ರಜೆ, ಅವನನ್ನು ತಪ್ಪೆನ್ನುವವರಾರು? ಆದರೆ ಪೆಟ್ಟಿಗೆ ಬಿಚ್ಚದ ಕಡೆಗೆ ಹೋದ ಹುಡುಗನಿಗೆ ಹತ್ತು ವರುಷಗಳ ಮೇಲೆ ಬಿಚ್ಚುವುದು ತಿಳಿದಿರುವುದಿಲ್ಲ. ಆಗ ಮಾಲಕನಿಗೆ ಐದನೆಯ ಒಂದು ಪಾಲಿನ ಚೀಟಿ ಬರೆದುಕೊಡುವವರು ಇರುವುದಿಲ್ಲ; ದೊಡ್ಡ ಚೀಟಿಯೊಂದೇ ಉಳಿಯುತ್ತದೆ, ಮತ್ತು ಅದೇ ನ್ಯಾಯವಾದ ಬೆಲೆಯೆನಿಸುತ್ತದೆ.

ಇದಕ್ಕೆ ದೊಡ್ಡ ಕ್ರಾಂತಿಯೇನೂ ಬೇಡ. ರಿಂಗು, ಬೇರಿಂಗು, ಸೀಲುಗಳು ಬಿಡಿಯಾಗಿ, ಬೆಲೆ ನಮೂದಾಗಿ, ಯಾವ ಗ್ಯಾರೇಜಿನವನು ಕೇಳಿದರೂ ದೊರೆಯುವಂತೆ ಕಾಯಿದೆ ಆಗಬೇಕು. ಕಲಿಸುವ ಸಲಕರಣೆ ಸರಕಾರಿ ಐ.ಟಿ.ಐ.ಗಳಲ್ಲಿದ್ದು, ಊರಿನ ಮಿಸ್ತ್ರಿಗಳಿಗೆ ಸಂಜೆಯ ಹೊತ್ತು ಬಳಸಲು ಸಿಗಬೇಕು. ಪೂರ್ತಿ ಪೆಟ್ಟಿಗೆ ಬದಲಿಸಬೇಕೆನ್ನುವ ಕಾರ್ಯಾಗಾರ, ಒಳಗೆ ಕೆಟ್ಟಿರುವ ಭಾಗ ಯಾವುದೆಂದು ಅಂದಾಜಿನ ಚೀಟಿಯಲ್ಲಿ ಬರೆಯಬೇಕು. ತೆಗೆದ ಹಳೆಯ ಭಾಗವನ್ನು ಮಾಲಕನ ಕೈಗೆ ಕೊಡಬೇಕು. ಖಾಸಬಾಗದ ಮಿಸ್ತ್ರಿ ಕೇಳದೆಯೇ ಕೊಟ್ಟ ನನ್ನ ಸವೆದ ರಿಂಗು ಹಳೆಯ ವರ್ತಮಾನಪತ್ರಿಕೆಯ ತುಂಡಿನಲ್ಲಿ ಸುತ್ತಿದ್ದುದು, ನನ್ನ ಮೇಜಿನ ಡ್ರಾಯರಿನಲ್ಲಿ ಸೀಮೆಸುಣ್ಣದ ಜೊತೆಗೆ ಬಿದ್ದಿದೆ. ಅದರ ಒಳಮೈಯ ಗೆರೆಗಳು ಎಲ್ಲಿ ಅಳಿಸಿವೆಯೆಂಬುದನ್ನು ಗೇರಿನ ಗಂಧವರಿಯದ ನಾನೂ ಉಗುರಿನಿಂದ ಮುಟ್ಟಿ ತಿಳಿಯಬಲ್ಲೆ.