ಒಂದೇ ಅಂಕೆ ತಪ್ಪಿದಾಗ

ನಮ್ಮ ಶಾಲೆಯ ಗೇಟಿನಿಂದ ನೂರು ಹೆಜ್ಜೆ ದೂರದಲ್ಲಿ, ಬಸ್ಸು ನಿಲ್ಲುವ ಕಟ್ಟೆಗೆ ತಾಗಿಕೊಂಡು, ಒಂದು ಲಾಟರಿ ಅಂಗಡಿಯಿದೆ. ಅಪರಾಹ್ಣ ಮೂರು ಗಂಟೆಗೆ ತಿರುವನಂತಪುರದಲ್ಲಿ ಡ್ರಾ ಆರಂಭವಾಗುವುದೆಂದು ನಮ್ಮೂರಿನ ಸಣ್ಣ ಮಕ್ಕಳಿಗೂ ಗೊತ್ತು. ನಾವು ಐದನೆಯ ತರಗತಿಯಲ್ಲಿ ಭಿನ್ನರಾಶಿಗಳ ಸಂಕಲನವನ್ನು ಕಲಿಸುತ್ತಿರುವ ಹೊತ್ತು ಕಳೆದು ಸ್ವಲ್ಪದರಲ್ಲೇ ಆ ಅಂಗಡಿಯ ಮುಂದೆ ಏಳೆಂಟು ಮಂದಿ ಕೂಡಿ, ಟಿಕೆಟುಗಳನ್ನು ಅಂಗೈಯಲ್ಲಿ ಹಿಡಿದು, ಕಡೆಯ ನಾಲ್ಕು ಅಂಕೆಗಳನ್ನು ಹೋಲಿಸಿ ನೋಡತೊಡಗುತ್ತಾರೆ. ಅಂಕೆಗಳ ಮೇಲೆ ಅಷ್ಟು ಏಕಾಗ್ರತೆಯನ್ನು ನಮ್ಮ ತರಗತಿಯಲ್ಲಿ ನಾವು ಕಂಡಿಲ್ಲವೆಂದು ಒಪ್ಪಿಕೊಳ್ಳಬೇಕು.

ಮೂರು ವರ್ಷಗಳ ಹಿಂದೆ, ಆ ಗುಂಪಿನಲ್ಲಿ ದಿನವೂ ನಿಲ್ಲುತ್ತಿದ್ದ ಒಬ್ಬನನ್ನು ನಾವು ಶಾಲೆಗೆ ಕರೆಸಿದೆವು. ಅವನು ನಮ್ಮಲ್ಲಿಯೇ ಓದಿದವನು. ಅಡಿಕೆ ಮರವೇರಿ ಮದ್ದು ಬಿಡುವುದು, ಕೊಯ್ಲು ಮಾಡುವುದು ಅವನ ಕಸುಬು. ಕುಡಿತವಿಲ್ಲ, ಕೆಲಸದಲ್ಲಿ ಚುರುಕು, ಸಂಬಳವೂ ಚಿಕ್ಕದಲ್ಲ. ಆದರೆ ನಾಲ್ಕನೆಯ ತರಗತಿಯಲ್ಲಿದ್ದ ಅವನ ಮಗಳ ಕಿವಿಯಲ್ಲಿದ್ದ ಚಿನ್ನ ಬ್ಯಾಂಕಿನ ಅಡವಿಗೆ ಹೋಗಿ, ತೂತು ಮುಚ್ಚಿಹೋಗದಿರಲೆಂದು ತಾಯಿ ಹಿಡಿಸೂಡಿಯ ಕಡ್ಡಿಯ ತುಂಡನ್ನು ಸಿಕ್ಕಿಸಿ ಕಳುಹಿಸುತ್ತಿದ್ದಳು. ಅದನ್ನು ಕಂಡು ನಮಗೆ ತಡೆಯಲಾಗಲಿಲ್ಲ. ಶಾಲೆಯ ಜಗಲಿಯಲ್ಲಿ, ಇಬ್ಬರು ಅಧ್ಯಾಪಿಕೆಯರ ಮತ್ತು ಮಧ್ಯಾಹ್ನದ ಅಡುಗೆಯಾಕೆಯ ಎದುರಿನಲ್ಲಿ, ಅವನನ್ನು ಚೆನ್ನಾಗಿ ಬೈದೆವು. ಅವನು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿ, ಕಡೆಗೆ ಒಂದೇ ಮಾತು ಹೇಳಿದ: “ಮಾಷ್ಟ್ರೇ, ನಿನ್ನೆ ಬರೇ ಒಂದು ನಂಬ್ರ ತಪ್ಪಿದ್ದು.”

ಇದು ಉದ್ಧಟತನವೆಂದು ನಮಗೆ ತೋರಿತು. ಅವನು ಆಮೇಲೆ ಒಂದೂವರೆ ವರ್ಷ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಟಿಕೆಟು ಕೊಳ್ಳುವುದನ್ನೂ ಬಿಡಲಿಲ್ಲ.

ಅವನು ಹೇಳಿದ ಆ ಮಾತಿನಲ್ಲಿಯೇ ರೋಗದ ಮೂಲವಿತ್ತೆಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ಬೇಸಗೆ ರಜೆಯ ಅಧ್ಯಾಪಕ ತರಬೇತಿಯೊಂದರಲ್ಲಿ ಮಕ್ಕಳ ಮೊಬೈಲ್ ಗೀಳಿನ ಕುರಿತು ಒಂದು ಉಪನ್ಯಾಸವಿತ್ತು. ಉಪನ್ಯಾಸಕಿ ಆರಂಭದಲ್ಲಿಯೇ ಸ್ಕಿನ್ನರನ ಪಾರಿವಾಳಗಳ ಪ್ರಸ್ತಾಪವನ್ನು ತೆಗೆದರು. ನಮಗೆ ನಗು ಬಂತು. ಮೂವತ್ತು ಚಿಲ್ಲರೆ ವರ್ಷಗಳ ಹಿಂದೆ ತರಬೇತಿ ಸಂಸ್ಥೆಯಲ್ಲಿ ಅದೇ ಪಾರಿವಾಳಗಳನ್ನು ನಾವು ಬಾಯಿಪಾಠ ಮಾಡಿದ್ದೆವು. ಪರೀಕ್ಷೆಯಲ್ಲಿ ಪೆಟ್ಟಿಗೆಯ ಚಿತ್ರವನ್ನು ಬರೆದು ಭಾಗಗಳನ್ನು ಗುರುತಿಸಿದ್ದೆವು. ಆ ಪೆಟ್ಟಿಗೆ ನಮ್ಮೂರ ಬಸ್ಸಿನ ಕಟ್ಟೆಯ ಪಕ್ಕದಲ್ಲೇ ಇದೆಯೆಂದು ಆಗ ಯಾರೂ ಹೇಳಿರಲಿಲ್ಲ, ನಮಗೂ ಹೊಳೆದಿರಲಿಲ್ಲ.

ವಿಷಯವನ್ನು ಅರಿಯದ ವಾಚಕರಿಗಾಗಿ ಎರಡು ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಹಸಿದ ಪಾರಿವಾಳವನ್ನು ಪೆಟ್ಟಿಗೆಯಲ್ಲಿಟ್ಟು, ಅದು ಒಂದು ಗುಂಡಿಯನ್ನು ಕುಕ್ಕಿದರೆ ಕಾಳು ಬೀಳುವಂತೆ ಮಾಡಿದ. ಇಂತಿಷ್ಟು ಸಲ ಕುಕ್ಕಿದರೆ ಕಾಳು ಖಂಡಿತ ಎಂಬ ಲೆಕ್ಕವಿದ್ದಾಗ ಪಕ್ಷಿ ಕಾಳು ತಿಂದು ಸ್ವಲ್ಪ ವಿರಮಿಸುತ್ತದೆ. ಆದರೆ ಕಾಳು ಒಮ್ಮೆ ಮೂರನೆಯ ಕುಕ್ಕಿಗೆ, ಒಮ್ಮೆ ಮೂವತ್ತನೆಯ ಕುಕ್ಕಿಗೆ, ಹೀಗೆ ಅನಿಶ್ಚಿತವಾಗಿ ಬೀಳತೊಡಗಿದರೆ ಅದು ವಿರಾಮವಿಲ್ಲದೆ ಕುಕ್ಕುತ್ತಲೇ ಇರುತ್ತದೆ. ಇನ್ನೂ ವಿಚಿತ್ರವೆಂದರೆ, ಕಾಳನ್ನು ಪೂರ್ತಿಯಾಗಿ ನಿಲ್ಲಿಸಿಬಿಟ್ಟರೂ, ಪ್ರತಿ ಸಲವೂ ಕಾಳು ಪಡೆಯುತ್ತಿದ್ದ ಪಕ್ಷಿ ಬೇಗನೆ ಬಿಟ್ಟುಬಿಡುತ್ತದೆ. ಯಾವಾಗಲೋ ಒಮ್ಮೆ ಪಡೆಯುತ್ತಿದ್ದ ಪಕ್ಷಿ ಬಹುಕಾಲ ಬಿಡುವುದಿಲ್ಲ. ಜೂಜಿನ ಯಂತ್ರಗಳು ನಡೆಯುವುದು ಈ ಎರಡನೆಯ ಕ್ರಮದಿಂದಲೇ ಎಂದು ಸ್ಕಿನ್ನರ್ 1953ರಷ್ಟು ಹಿಂದೆಯೇ ಬರೆದಿದ್ದ.

ಮನುಷ್ಯನನ್ನು ಕಟ್ಟಿಹಾಕುವುದು ಗೆಲುವಿನ ಗಾತ್ರ ಎಂದು ನಾವು ತಿಳಿಯುತ್ತೇವೆ. ಕಟ್ಟಿಹಾಕುವುದು ಅದರ ಅನಿಶ್ಚಯ. ನಮ್ಮ ಹಳೆಯ ವಿದ್ಯಾರ್ಥಿಗೆ ಎಂದೋ ಒಮ್ಮೆ ಐದು ಸಾವಿರ ಬಂದಿತ್ತಂತೆ. ನಡುನಡುವೆ ನೂರು, ಇನ್ನೂರು ಬರುತ್ತಿತ್ತಂತೆ. ಏನೂ ಬಾರದೆ ಇದ್ದಿದ್ದರೆ ಅವನು ಎಂದೋ ಬಿಡುತ್ತಿದ್ದ.

ಇನ್ನು ‘ಬರೇ ಒಂದು ನಂಬ್ರ’ದ ಸಂಗತಿ. 2009ರಲ್ಲಿ ಕೇಂಬ್ರಿಜಿನ ಲ್ಯೂಕ್ ಕ್ಲಾರ್ಕ್ ಮತ್ತು ಸಂಗಡಿಗರು ಜೂಜಿನ ಯಂತ್ರವನ್ನು ಹೋಲುವ ಆಟವನ್ನು ಕೆಲವರಿಂದ ಆಡಿಸಿ, ಆಡುತ್ತಿರುವಾಗಲೇ ಅವರ ಮಿದುಳನ್ನು ಸ್ಕ್ಯಾನ್ ಮಾಡಿದರು. ಚಿತ್ರ ಕೂದಲೆಳೆಯಲ್ಲಿ ತಪ್ಪಿ ನಿಂತಾಗ ಆಟಗಾರರು ಅದನ್ನು ಬರಿಯ ಸೋಲಿಗಿಂತಲೂ ಹೆಚ್ಚು ಅಹಿತಕರವೆಂದರು. ಆದರೆ ಇನ್ನೊಮ್ಮೆ ಆಡುವ ಆಸೆ ಅವರಲ್ಲಿ ಹೆಚ್ಚಿತು. ಅದೂ ತಮ್ಮ ಚಿತ್ರವನ್ನು ತಾವೇ ಆರಿಸಿಕೊಂಡಿದ್ದಾಗ. ಗೆದ್ದಾಗ ಚುರುಕಾಗುವ ಮಿದುಳಿನ ಭಾಗಗಳೇ ತಪ್ಪಿದಾಗಲೂ ಚುರುಕಾದವು. ಬುದ್ಧಿ ‘ಸೋತೆ’ ಎನ್ನುತ್ತಿರುವಾಗ ಒಳಗಿನ ಇನ್ನೊಂದು ಯಂತ್ರ ‘ಹತ್ತಿರ ಬಂದೆ’ ಎನ್ನುತ್ತದೆ.

ಕಲ್ಲು ಹೊಡೆದು ಮಾವು ಕೆಡಹುವವನಿಗೆ ‘ಹತ್ತಿರ ಬಂದೆ’ ಎಂಬುದು ಉಪಯುಕ್ತ ಸಮಾಚಾರ. ಮುಂದಿನ ಕಲ್ಲು ಇನ್ನಷ್ಟು ಸರಿಯಾಗಿ ಬಿದ್ದೀತು. ಲಾಟರಿಯಲ್ಲಿ ಅದಕ್ಕೆ ಅರ್ಥವೇ ಇಲ್ಲ. ನಾವು ಕರಿಹಲಗೆಯ ಮೇಲೆ ಲೆಕ್ಕ ಹಾಕಿ ನೋಡಿದೆವು. ಕಡೆಯ ನಾಲ್ಕು ಅಂಕೆಗಳಿಗೆ ಬಹುಮಾನ ಬಂದಿತೆನ್ನಿ. ಅವುಗಳಲ್ಲಿ ಒಂದು ಸ್ಥಾನದ ಅಂಕೆ ಮಾತ್ರ ಬೇರೆಯಾಗಿರುವ ಸಂಖ್ಯೆಗಳು ಎಷ್ಟು? ಸ್ಥಾನಗಳು ನಾಲ್ಕು, ಪ್ರತಿ ಸ್ಥಾನದಲ್ಲಿಯೂ ಉಳಿದ ಅಂಕೆಗಳು ಒಂಬತ್ತು, ಅಂತೂ ಮೂವತ್ತಾರು. ಗೆದ್ದ ಸಂಖ್ಯೆ ಒಂದಾದರೆ, ‘ಒಂದೇ ಅಂಕೆ ತಪ್ಪಿದ’ ಸಂಖ್ಯೆಗಳು ಮೂವತ್ತಾರು. ದಿನವೂ ಹಲವಾರು ಸಂಖ್ಯೆಗಳಿಗೆ ಸಣ್ಣಪುಟ್ಟ ಬಹುಮಾನಗಳಿರುವುದರಿಂದ ಆ ಕಟ್ಟೆಯ ಬಳಿ ನಿಂತವರಲ್ಲಿ ಯಾರಿಗಾದರೂ ಒಂದು ಅಂಕೆ ತಪ್ಪದ ದಿನವೇ ಇರಲಾರದು. ಯಾರೂ ಮೋಸ ಮಾಡಬೇಕಾಗಿಲ್ಲ. ದಶಮಾನ ಪದ್ಧತಿಯೇ ಆ ಕೆಲಸವನ್ನು ಮಾಡುತ್ತದೆ.

ಟಿಕೆಟನ್ನು ಆರಿಸುವ ಸಡಗರವನ್ನೂ ನೋಡಬೇಕು. ಒಬ್ಬನಿಗೆ ಅಂಕೆಗಳ ಮೊತ್ತ ಒಂಬತ್ತಾಗಬೇಕು, ಇನ್ನೊಬ್ಬನಿಗೆ ಮಗ ಹುಟ್ಟಿದ ತಾರೀಕು ಬೇಕು. ಎಲೆನ್ ಲ್ಯಾಂಗರ್ ಎಂಬ ವಿದುಷಿ 1975ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕಚೇರಿಯ ನೌಕರರಿಗೆ ಒಂದು ಡಾಲರಿನ ಲಾಟರಿ ಟಿಕೆಟುಗಳನ್ನು ಮಾರಲಾಯಿತು. ಕೆಲವರು ತಾವೇ ಆರಿಸಿಕೊಂಡರು, ಕೆಲವರು ಕೊಟ್ಟದ್ದನ್ನು ತೆಗೆದುಕೊಂಡರು. ಡ್ರಾಕ್ಕೆ ಮೊದಲು, ಅದನ್ನು ಮರಳಿ ಎಷ್ಟಕ್ಕೆ ಮಾರುವಿರೆಂದು ಕೇಳಿದಾಗ, ಕೊಟ್ಟದ್ದನ್ನು ತೆಗೆದುಕೊಂಡವರು ಸರಾಸರಿ 1.96 ಡಾಲರ್ ಎಂದರು. ತಾವೇ ಆರಿಸಿಕೊಂಡವರು 8.67 ಡಾಲರ್ ಕೇಳಿದರು. ಕೈಯಿಂದ ಮುಟ್ಟಿ ಆರಿಸಿದ ಮಾತ್ರಕ್ಕೆ ಅದೃಷ್ಟದ ಮೇಲೆ ತಮಗೆ ಹಿಡಿತವುಂಟೆಂಬ ಭ್ರಮೆ! ನಗಬೇಡಿ. 2022ರಲ್ಲಿ ಓಣಂ ಬಂಪರಿನ ಮೊದಲ ಬಹುಮಾನವನ್ನು 25 ಕೋಟಿ ರೂಪಾಯಿಗೆ ಏರಿಸಿದಾಗ ನಮ್ಮ ಸ್ಟಾಫ್ ರೂಮಿನಲ್ಲಿಯೂ ಪಾಲು ಹಾಕಿ ಒಂದು ಟಿಕೆಟು ಕೊಂಡಿದ್ದರು. ನಮ್ಮ ಪಾಲೂ ಅದರಲ್ಲಿತ್ತು. ಟಿಕೆಟನ್ನು ಆರಿಸಲು ‘ಕೈಗುಣ’ವುಳ್ಳ ಅಧ್ಯಾಪಿಕೆಯೊಬ್ಬರನ್ನು ಕಳುಹಿಸಿದವರೂ ನಾವೇ.

ಚಟ ಹತ್ತಿದವನನ್ನು ‘ಮನಸ್ಸು ಗಟ್ಟಿಯಿಲ್ಲದವನು’ ಎನ್ನುವವರಿಗೆ ಇನ್ನೊಂದು ಸಂಗತಿಯನ್ನು ಹೇಳಬೇಕು. ಪಾರ್ಕಿನ್ಸನ್ ಎಂಬ ಕೈಕಾಲು ನಡುಗುವ ರೋಗದಲ್ಲಿ ಮಿದುಳಿನ ಡೋಪಮೈನ್ ಎಂಬ ರಾಸಾಯನಿಕ ಕಡಮೆಯಾಗುತ್ತದೆ. ಅದರಂತೆಯೇ ಕೆಲಸ ಮಾಡುವ ಔಷಧಗಳನ್ನು ರೋಗಿಗಳಿಗೆ ಕೊಡುತ್ತಾರೆ. ಹಾಗೆ ಔಷಧ ಸೇವಿಸುತ್ತಿದ್ದ ಹನ್ನೊಂದು ರೋಗಿಗಳು ಜೂಜಿನ ತೀವ್ರ ಚಟಕ್ಕೆ ಬಿದ್ದುದನ್ನು ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರು 2005ರಲ್ಲಿ ವರದಿ ಮಾಡಿದರು. ಔಷಧವನ್ನು ಇಳಿಸಿದಾಗ ಅಥವಾ ನಿಲ್ಲಿಸಿದಾಗ ಹಲವರಲ್ಲಿ ಚಟವೂ ಹೊರಟುಹೋಯಿತು. ಮಾತ್ರೆಯೊಂದರಿಂದ ಬಂದು ಮಾತ್ರೆಯೊಂದಿಗೆ ಹೋಗುವ ವಸ್ತುವನ್ನು ಶೀಲದ ದೋಷವೆಂದು ಹೇಗೆ ಕರೆಯೋಣ? ಕೋತಿಗಳಿಗೆ ಹಣ್ಣಿನ ರಸವನ್ನು ಬಹುಮಾನವಾಗಿ ಕೊಟ್ಟು ಅವುಗಳ ಮಿದುಳಿನ ಕಣಗಳನ್ನು ಅಭ್ಯಸಿಸಿದ ವೂಲ್ಫ್ರಾಮ್ ಶುಲ್ಟ್ಸ್ ಮತ್ತು ಸಹೋದ್ಯೋಗಿಗಳು 2003ರಲ್ಲಿ ಇನ್ನೊಂದನ್ನು ತೋರಿಸಿದರು. ರಸ ಬರುವುದು ಖಂಡಿತವೆಂದಿದ್ದಾಗಲೂ ಬಾರದೆಂದಿದ್ದಾಗಲೂ ಕಾಣದ ಒಂದು ಏರಿಕೆ, ಬಂದರೆ ಬಂತು ಇಲ್ಲದಿದ್ದರಿಲ್ಲ ಎಂಬ ಸಮಸಮ ಸ್ಥಿತಿಯಲ್ಲಿ ಕಾಯುವಾಗ ಡೋಪಮೈನ್ ಕಣಗಳಲ್ಲಿ ಅತ್ಯಧಿಕವಾಗಿ ಕಾಣಿಸಿತು. ಮೂರು ಗಂಟೆಗೆ ಕಾಯುವುದರಲ್ಲಿಯೇ ಸುಖವಿದೆ ಎಂದಾಯಿತು.

ನಮ್ಮ ತಾಳಮದ್ದಳೆಯ ಕೂಟಗಳಲ್ಲಿ ಧರ್ಮರಾಯನ ದ್ಯೂತವನ್ನು ಕೇಳದವರಾರು? ಮೊದಲನೆಯ ಜೂಜಿಗೆ ಅರ್ಥಧಾರಿಗಳು ನಾನಾ ಸಮರ್ಥನೆಗಳನ್ನು ಕೊಡುತ್ತಾರೆ: ಕ್ಷತ್ರಿಯಧರ್ಮ, ದೊಡ್ಡಪ್ಪನ ಆಜ್ಞೆ, ಶಕುನಿಯ ಕಪಟ. ಆದರೆ ಎಲ್ಲವನ್ನೂ ಕಳೆದುಕೊಂಡು, ಸಭೆಯಲ್ಲಿ ಹೆಂಡತಿಯ ಮಾನಭಂಗವನ್ನು ಕಂಡು, ಹೇಗೋ ಎಲ್ಲವೂ ಮರಳಿ ದೊರೆತು ಇಂದ್ರಪ್ರಸ್ಥದ ದಾರಿ ಹಿಡಿದವನು, ಕರೆ ಬಂದೊಡನೆ ಮತ್ತೆ ಹಿಂದಿರುಗಿ ದಾಳ ಹಿಡಿದನಲ್ಲ, ಆ ಅನುದ್ಯೂತಕ್ಕೆ ತೃಪ್ತಿಕರವಾದ ಅರ್ಥವನ್ನು ನಾವು ಕೇಳಿಲ್ಲ. ಹೋದುದನ್ನು ಆಡಿಯೇ ತರುವೆನೆಂಬ ಈ ಬೆನ್ನಟ್ಟುವಿಕೆಯನ್ನು ಇಂದಿನ ವೈದ್ಯರು ರೋಗದ ಮುಖ್ಯ ಲಕ್ಷಣಗಳಲ್ಲೊಂದೆಂದು ಎಣಿಸುತ್ತಾರೆ. ಅಮೆರಿಕದ ಮನೋವೈದ್ಯರ ಸಂಘವು ಜೂಜಿನ ಚಟವನ್ನು ತನ್ನ ರೋಗಗಳ ಪಟ್ಟಿಗೆ ಸೇರಿಸಿದ್ದು 1980ರಲ್ಲಿ. ಮದ್ಯ ಮತ್ತು ಮಾದಕವಸ್ತುಗಳ ಚಟದ ಸಾಲಿನಲ್ಲಿಯೇ ಅದನ್ನು ಕೂರಿಸಿದ್ದು 2013ರಲ್ಲಿ.

ಜಾತ್ರೆಯ ಗದ್ದೆಯ ಮೂಲೆಯಲ್ಲಿ ಚಿಮಿಣಿ ದೀಪದ ಬೆಳಕಿನಲ್ಲಿ ನಡೆಯುವ ‘ಉಲಾಯಿ ಪಿದಾಯಿ’ಯನ್ನೂ, ಕೋಳಿ ಅಂಕದ ಪಣವನ್ನೂ ನಾವು ಜುಗಾರಿ ಎಂದು ಹಳಿಯುತ್ತೇವೆ, ಪೋಲೀಸರೂ ಅಟ್ಟಿಸಿಕೊಂಡು ಹೋಗುತ್ತಾರೆ. ಲಾಟರಿಗೆ ಸರಕಾರದ ಮುದ್ರೆಯಿದೆ. ಕೇರಳ ಸರಕಾರ ಅದನ್ನು ಆರಂಭಿಸಿದ್ದು 1967ರಲ್ಲಿ. ಒಂದು ರೂಪಾಯಿಯ ಟಿಕೆಟಿಗೆ 50,000 ರೂಪಾಯಿಯ ಮೊದಲ ಬಹುಮಾನವೆಂದು ಮೊದಲ ಡ್ರಾ ನಡೆದದ್ದು 1968ರ ಜನವರಿ 26ರಂದು. ಕರ್ನಾಟಕವು 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. ಅಂದಿನಿಂದ ಆಚೆಯವರು ತಲಪಾಡಿ ದಾಟಿ ಬಂದು ಟಿಕೆಟು ಕೊಂಡುಹೋಗುವುದನ್ನು ಈಚೆಯ ನಾವು ನೋಡುತ್ತಲೇ ಇದ್ದೇವೆ. ಗಡಿಯ ಕಲ್ಲು ಮನಸ್ಸಿಗೆ ಅಡ್ಡ ಬರುವುದಿಲ್ಲ. ಈ ಆದಾಯದಿಂದ ಬಡರೋಗಿಗಳ ಚಿಕಿತ್ಸೆಗೆ ನೆರವಾದುದೂ ಉಂಟು, ನಡೆದಾಡಲಾರದ ಎಷ್ಟೋ ಮಂದಿ ಟಿಕೆಟು ಮಾರಿ ಅನ್ನ ಕಾಣುವುದೂ ಉಂಟು; ಅವರನ್ನು ದೂರುವುದು ನಮ್ಮ ಉದ್ದೇಶವಲ್ಲ. ನಮ್ಮ ಸಂಬಳವೂ ಅದೇ ಖಜಾನೆಯಿಂದ ಬರುವುದಷ್ಟೆ.

ತಾಯಂದಿರು ನಮ್ಮಲ್ಲಿ ಹೆಚ್ಚಾಗಿ ಕೇಳುವುದು ಮೊಬೈಲಿನ ಆಟಗಳ ವಿಚಾರ. ವಿಶ್ವ ಆರೋಗ್ಯ ಸಂಸ್ಥೆಯು ಆಟದ ಗೀಳನ್ನು ರೋಗವೆಂದು 2019ರಲ್ಲಿ ಅಂಗೀಕರಿಸಿ, 2022ರಿಂದ ಜಾರಿಗೆ ತಂದಿದೆ. ಆದರೆ ಆಡುವ ಮಗುವೆಲ್ಲ ರೋಗಿಯಲ್ಲ. ಆಟದ ಮೇಲೆ ಹಿಡಿತ ತಪ್ಪಿ, ಊಟ ನಿದ್ದೆ ಓದುಗಳೆಲ್ಲ ಅದರ ಹಿಂದಾಗಿ, ಕೇಡು ಕಣ್ಣಿಗೆ ಕಂಡರೂ ಬಿಡಲಾಗದೆ, ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಹೀಗೆಯೇ ನಡೆದರೆ ಮಾತ್ರ ಆ ಹೆಸರು. ನಮಗೆ ಹೆಚ್ಚು ಭಯವಾಗುವುದು, ಒಳಗೇನಿದೆಯೆಂದು ತಿಳಿಯದ ಪೆಟ್ಟಿಗೆಯನ್ನು ದುಡ್ಡು ಕೊಟ್ಟು ತೆರೆಯುವ ಆಟಗಳನ್ನು ಕಂಡಾಗ. ಬೆಲ್ಜಿಯಂ ದೇಶದಲ್ಲಿ 2018ರಲ್ಲಿ ಅದನ್ನು ಜೂಜೆಂದೇ ನಿರ್ಣಯಿಸಿದರು. ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಹಣ ಹೂಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆ ಮಾಡಿತು. ಕಾಯಿದೆ ಅಂಗಡಿಯನ್ನು ಮುಚ್ಚಿಸಬಲ್ಲುದು. ಕುಕ್ಕಲು ಕಲಿತ ಪಕ್ಷಿಯನ್ನು ಬೇರೆಯೇ ದಾರಿಯಿಂದ ಬಿಡಿಸಬೇಕು.

ಆ ದಾರಿ ಇದೆ. ಆಸೆ ಎದ್ದ ಕ್ಷಣ ಯಾವುದು, ದಾರಿ ಯಾವುದು, ಜೊತೆ ಯಾರದು ಎಂಬುದನ್ನು ಗುರುತಿಸಿ ಬರೆದಿಡುವುದು. ‘ಹತ್ತಿರ ಬಂದೆ’ ಎಂಬಂಥ ತಪ್ಪು ತರ್ಕಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದು. ಹಣವನ್ನು ಕೈಗೆಟುಕದಂತೆ ಮಾಡುವುದು. ಆಸೆ ಎಷ್ಟೇ ತೀವ್ರವಾಗಿದ್ದರೂ ಸ್ವಲ್ಪ ಹೊತ್ತು ತಡೆದರೆ ತಾನಾಗಿ ಇಳಿಯುವುದೆಂದು ಅನುಭವದಿಂದ ಕಲಿಯುವುದು. ಮನಶ್ಶಾಸ್ತ್ರಜ್ಞರು ಇದನ್ನೇ ಕ್ರಮವಾಗಿ ಮಾಡಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮೊಬೈಲ್ ಮತ್ತು ಆಟಗಳ ಗೀಳಿಗೆಂದೇ 2014ರಿಂದ ಪ್ರತ್ಯೇಕ ಕ್ಲಿನಿಕ್ಕು ಇದೆ. ಅಷ್ಟು ದೂರ ಹೋಗಲಾರದವರು, 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ‘ಟೆಲಿ ಮಾನಸ್’ನ 14416 ಸಂಖ್ಯೆಗೆ ಫೋನು ಮಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ನಾಲ್ಕು ಜನರೆದುರು ಬೈಯುವುದು ಮಾತ್ರ ಈ ಚಿಕಿತ್ಸೆಯಲ್ಲಿ ಎಲ್ಲಿಯೂ ಬರುವುದಿಲ್ಲ. ನಾಚಿಕೆಪಟ್ಟವನು ಚಟವನ್ನು ಬಿಡುವುದಿಲ್ಲ, ಬಚ್ಚಿಡುತ್ತಾನೆ.

ತರಬೇತಿಯಿಂದ ಮರಳಿದ ವಾರದಲ್ಲಿ ನಾವೇ ಅವನ ಮನೆಗೆ ಹೋದೆವು. ತಪ್ಪಾಯಿತೆಂದು ಹೇಳಲು ಐವತ್ತು ದಾಟಿದ ಮೇಷ್ಟರಿಗೆ ಎಷ್ಟು ಕಷ್ಟವೆಂಬುದನ್ನು ಇಲ್ಲಿ ವಿವರಿಸುವುದಿಲ್ಲ. ಮೂವತ್ತಾರರ ಲೆಕ್ಕವನ್ನು ಮಗಳ ನೋಟುಪುಸ್ತಕದ ಹಿಂದಿನ ಪುಟದಲ್ಲಿ ಅವನಿಗೆ ಬರೆದು ತೋರಿಸಿದೆವು. ಅವನು ಬಹಳ ಹೊತ್ತು ನೋಡಿ, “ಇದು ಆಗಲೇ ಹೇಳಬಹುದಿತ್ತಲ್ಲ ಮಾಷ್ಟ್ರೇ” ಎಂದ. ಲೆಕ್ಕದಿಂದಲೇ ಚಟ ಬಿಡಲಿಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಮೂರು ಬಾರಿ ಜೊತೆಯಲ್ಲಿ ಹೋದೆವು. ಈಗ ಸಂಬಳವನ್ನು ಹೆಂಡತಿಯ ಕೈಗೇ ಕೊಡಬೇಕೆಂದು ತೋಟದವರಿಗೆ ಅವನೇ ಹೇಳಿಟ್ಟಿದ್ದಾನೆ. ಮನೆಗೆ ಹೋಗಲು ಬಸ್ಸಿನ ಕಟ್ಟೆಯ ದಾರಿಯನ್ನು ಬಿಟ್ಟು ಗದ್ದೆಯ ಹುಣಿಯ ಮೇಲಿಂದ ಸುತ್ತಿಕೊಂಡು ಹೋಗುತ್ತಾನೆ.

ಕಳೆದ ತಿಂಗಳು ಶಾಲೆಯ ತೆಂಗಿನಕಾಯಿ ಕೊಯ್ಯಲು ಬಂದಾಗ, ಮರದಿಂದಿಳಿದು ಕೈ ಒರಸಿಕೊಳ್ಳುತ್ತ, “ಈ ತಿಂಗಳು ಎರಡು ಸಲ ತಪ್ಪಿದೆ ಮಾಷ್ಟ್ರೇ” ಎಂದು ತಾನಾಗಿಯೇ ಹೇಳಿದ. ಮೊದಲು ತಿಂಗಳಿಗೆ ಎಷ್ಟು ಸಲವಾಗುತ್ತಿತ್ತೆಂದು ಕೇಳಿದೆವು. ಬೆರಳು ಮಡಚಿ ಎಣಿಸಲು ಹೊರಟು, ನಡುವೆ ನಿಲ್ಲಿಸಿ, ನಕ್ಕುಬಿಟ್ಟ. ಮಗಳು ಈಗ ಏಳನೆಯ ತರಗತಿಯಲ್ಲಿದ್ದಾಳೆ. ಕಿವಿಯಲ್ಲಿ ಇನ್ನೂ ಕಡ್ಡಿಯೇ ಇದೆ. ಆರು ಸಾವಿರ ಕಟ್ಟಿದರೆ ಅಡವು ಬಿಡಿಸಬಹುದಂತೆ.