ಹೆಬ್ಬಾವಿನ ಮೊಟ್ಟೆ ಮತ್ತು ಲಾಭದ ಲೆಕ್ಕ

ಗೋದಾಮಿನಲ್ಲಿರುವ ದಾಸ್ತಾನು ತಾನಾಗಿಯೇ ವೃದ್ಧಿಸುವುದಾದರೆ ಅಂತಹ ವ್ಯಾಪಾರವನ್ನು ಬೇಡವೆನ್ನುವವರು ವಿರಳ. ಅಮೆರಿಕದಲ್ಲಿ ಸಾಕು ಹೆಬ್ಬಾವುಗಳ ತಳಿವರ್ಧನೆಗೆ ಬಂಡವಾಳ ಹೂಡಿದ ಸಣ್ಣ ಉದ್ಯಮಿಗಳನ್ನು ಸೆಳೆದದ್ದು ಈ ಆಸೆಯೇ. ನಮ್ಮ ಸದಸ್ಯರಿಗೆ ವಿಷಯ ವಿಚಿತ್ರವೆನಿಸಬಹುದು. ಆದರೆ ಬೇಡಿಕೆಯನ್ನು ತಪ್ಪಾಗಿ ಎಣಿಸುವುದು ಹೇಗೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ದೊರೆತಿಲ್ಲ.

ಘಾನಾ, ಟೋಗೊ, ಬೆನಿನ್ ಮೊದಲಾದ ಪಶ್ಚಿಮ ಆಫ್ರಿಕದ ದೇಶಗಳ 'ಬಾಲ್ ಪೈಥಾನ್' ನಾಲ್ಕೈದು ಅಡಿ ಬೆಳೆಯುವ ಸೌಮ್ಯ ಸ್ವಭಾವದ ಹಾವು. ಬೆದರಿದಾಗ ಚೆಂಡಿನಂತೆ ಸುರುಳಿಯಾಗುತ್ತದೆ. ಅಲ್ಲಿಂದ ಆಮದಾಗುತ್ತಿದ್ದ ಸಾಮಾನ್ಯ ಬಣ್ಣದ ಮರಿಗಳಿಗೆ ಹೇಳಿಕೊಳ್ಳುವಂತಹ ಬೆಲೆಯಿರಲಿಲ್ಲ. 1992ರಲ್ಲಿ ಓಕ್ಲಹಾಮದ ಬಾಬ್ ಕ್ಲಾರ್ಕ್ ಎಂಬ ತಳಿಗಾರರು ಬಿಳಿ-ಹಳದಿ ಬಣ್ಣದ 'ಅಲ್ಬಿನೊ' ಮರಿಗಳನ್ನು ಪಡೆದ ಬಳಿಕ ಚಿತ್ರವೇ ಬದಲಾಯಿತು. ಒಂದೊಂದು ಹೊಸ ಬಣ್ಣದ ಮರಿಯೂ ಸಾವಿರಾರು ಡಾಲರಿಗೆ ಮಾರಾಟವಾಯಿತು.

ಉತ್ಪಾದನೆಯ ಕ್ರಮವನ್ನು ನೋಡೋಣ. ಹೆಣ್ಣು ಹಾವು ಪ್ರಾಯಕ್ಕೆ ಬರಲು ಸುಮಾರು ಮೂರು ವರ್ಷ ಬೇಕು. ವರ್ಷಕ್ಕೆ ಹೆಚ್ಚೆಂದರೆ ಒಂದು ಬಾರಿ, ಸರಾಸರಿ ಆರು ಮೊಟ್ಟೆಗಳನ್ನು ಇಡುತ್ತದೆ. ಕೆಲವು ವರ್ಷ ಇಡುವುದೇ ಇಲ್ಲ. ಮೊಟ್ಟೆಗಳನ್ನು ತಾಯಿಯಿಂದ ಬೇರ್ಪಡಿಸಿ, ತೇವಗೊಳಿಸಿದ ವರ್ಮಿಕ್ಯುಲೈಟ್ ತುಂಬಿದ ಮುಚ್ಚಳದ ಡಬ್ಬಿಗಳಲ್ಲಿರಿಸಿ, 31ರಿಂದ 32 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು ಎರಡು ತಿಂಗಳು ಕಾವು ಕೊಡಬೇಕು. ಕೋಳಿಮೊಟ್ಟೆಯಂತೆ ಇವನ್ನು ಹೊರಳಿಸಲಾಗದು. ಹೊರಳಿಸಿದರೆ ಒಳಗಿನ ಭ್ರೂಣ ಸಾಯುವ ಅಪಾಯವಿದೆ. ಥರ್ಮೋಸ್ಟಾಟ್ ಒಂದು ರಾತ್ರಿ ಕೆಟ್ಟು ಶಾಖ ಮಿತಿಮೀರಿದರೆ ವರ್ಷದ ಉತ್ಪಾದನೆಯೇ ನಷ್ಟವಾಗಬಹುದು. ಹೊರಬಂದ ಮರಿಗಳಲ್ಲಿ ಕೆಲವು ವಾರಗಟ್ಟಲೆ ಆಹಾರ ಮುಟ್ಟುವುದಿಲ್ಲ. ಆದರೂ ವಿದ್ಯುತ್ತು, ಇಲಿಗಳ ಆಹಾರ, ಕೂಲಿ, ಮರಿಗಳ ನಷ್ಟ ಇವೆಲ್ಲ ಅಂದಾಜಿಗೆ ಸಿಗುವ ಬಾಬ್ತುಗಳು. ಅಂದಾಜಿಗೆ ಸಿಗದಿದ್ದುದು ಮಾರಾಟದ ಬೆಲೆ.

ಅಲ್ಬಿನೊ ಗುಣವು ಅಪ್ರಬಲವಾದುದು. ಅಲ್ಬಿನೊ ಗಂಡನ್ನು ಸಾಮಾನ್ಯ ಹೆಣ್ಣಿನೊಡನೆ ಕೂಡಿಸಿದರೆ ಮರಿಗಳೆಲ್ಲವೂ ಸಾಮಾನ್ಯ ಬಣ್ಣದವೇ. ಆ ಮರಿಗಳು ಬೆಳೆದು ಪರಸ್ಪರ ಕೂಡಿದಾಗ ಸರಾಸರಿ ನಾಲ್ಕರಲ್ಲಿ ಒಂದು ಅಲ್ಬಿನೊ. ಅಂದರೆ ಹೂಡಿದ ಬಂಡವಾಳ ಮೂರು ನಾಲ್ಕು ವರ್ಷ ಬಂಧಿಯಾಗಿರುತ್ತದೆ. ಆ ಅವಧಿಯಲ್ಲಿ ಅದೇ ತಳಿಯನ್ನು ಕೊಂಡ ಇತರರೂ ಅದೇ ಕಾರ್ಯದಲ್ಲಿ ನಿರತರಾಗಿರುತ್ತಾರೆ! ದುಬಾರಿ ಮರಿಯನ್ನು ಕೊಳ್ಳುವವನು ಸಾಮಾನ್ಯವಾಗಿ ಹಾವನ್ನು ಮುದ್ದಿಗಾಗಿ ಸಾಕುವವನಲ್ಲ, ಮತ್ತೊಬ್ಬ ತಳಿಗಾರ. ಇಂದಿನ ಗಿರಾಕಿಯೇ ನಾಳಿನ ಪ್ರತಿಸ್ಪರ್ಧಿ. ಸಾವಿರಾರು ಡಾಲರಿನ ಅಲ್ಬಿನೊ ಕಾಲಕ್ರಮದಲ್ಲಿ ಕೆಲವೇ ನೂರು ಡಾಲರಿಗೆ ಇಳಿಯಿತು. ಅನಂತರ ಬಂದ ಹಲವು ಬಣ್ಣಗಳ ಕಥೆಯೂ ಭಿನ್ನವಲ್ಲ.

ಇಂತಹ ಯೋಜನಾ ವರದಿಗಳಲ್ಲಿ ಮರಿಗಳ ಸಂಖ್ಯೆಯನ್ನು ಇಂದಿನ ಬೆಲೆಯಿಂದ ಗುಣಿಸಿ ಆದಾಯ ತೋರಿಸುವುದು ರೂಢಿ. ಮರಿ ಹುಟ್ಟುವ ವರ್ಷದ ಬೆಲೆಯಿಂದ ಗುಣಿಸಬೇಕೆಂಬುದು ನನ್ನ ಅಭಿಪ್ರಾಯ. ಸಜೀವ ಆಸ್ತಿಗಳನ್ನು ನ್ಯಾಯಯುತ ಮೌಲ್ಯದಲ್ಲಿ ತೋರಿಸಬೇಕೆನ್ನುವ ಇಂಡ್ ಎಎಸ್ 41 ಮಾನದಂಡದಲ್ಲಿಯೂ ಈ ಅಪಾಯ ಅಡಗಿದೆ: ಮಾರಾಟವಾಗುವ ಮೊದಲೇ ಲಾಭ ಲೆಕ್ಕಕ್ಕೆ ಬರುತ್ತದೆ. ತೆಳುವಾದ ಮಾರುಕಟ್ಟೆಯ ಎರಡು ಮೂರು ಮಾರಾಟಗಳನ್ನು ಆಧರಿಸಿದ ಮೌಲ್ಯವನ್ನು ಬ್ಯಾಂಕಿನವರು ನಂಬಬಾರದು, ಮಾಲೀಕರಂತೂ ನಂಬಲೇಬಾರದು.

ಕಾನೂನಿನ ಹೊಡೆತ ಬೇರೆ. ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಬರ್ಮೀಸ್ ಹೆಬ್ಬಾವುಗಳು ನೆಲೆಯೂರಿದ ಕಾರಣ ಅಮೆರಿಕ ಸರ್ಕಾರವು 2012ರಲ್ಲಿ ಅವೂ ಸೇರಿ ನಾಲ್ಕು ಜಾತಿಗಳನ್ನು ಹಾನಿಕಾರಕ ಪಟ್ಟಿಗೆ ಸೇರಿಸಿ ಆಮದನ್ನೂ ಅಂತರರಾಜ್ಯ ಸಾಗಣೆಯನ್ನೂ ತಡೆಯಿತು. ಸಾಗಣೆಯ ತಡೆ 2017ರ ನ್ಯಾಯಾಲಯದ ತೀರ್ಪಿನಿಂದ ಬಹುಮಟ್ಟಿಗೆ ತೆರವಾಯಿತು. ನಡುವಿನ ಐದು ವರ್ಷ ಹೊರರಾಜ್ಯದ ಗಿರಾಕಿಯಿಲ್ಲದೆ ಆ ದಾಸ್ತಾನಿಗೆ ಮೇವು ಹಾಕಬೇಕಾಯಿತು.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಭಾರತೀಯ ಹೆಬ್ಬಾವು ಒಂದನೆಯ ಅನುಸೂಚಿಯಲ್ಲಿದೆ. ಅದರ ವ್ಯಾಪಾರ ಅಪರಾಧ. ವಿದೇಶಿ ತಳಿಗಳಿಗೂ 2022ರ ತಿದ್ದುಪಡಿ ಹಾಗೂ 2024ರ ನಿಯಮಗಳ ಪ್ರಕಾರ ನೋಂದಣಿ ಕಡ್ಡಾಯ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ವಶಪಡಿಸಿಕೊಂಡ ಪ್ರಾಣಿಗಳಲ್ಲಿ 55 ಬಾಲ್ ಪೈಥಾನ್‌ಗಳಿದ್ದವು. ವಿದೇಶಿ ಪ್ರಾಣಿಗಳ 'ಮರುಖರೀದಿ' ಯೋಜನೆಯೊಂದು ತಮ್ಮ ಮೇಜಿಗೆ ಬಂದರೆ, 2012ರಲ್ಲಿ ತಮಿಳುನಾಡಿನ ಪೆರುಂದುರೈ ಭಾಗದಲ್ಲಿ ಕುಸಿದ ಈಮು ಕಂಪನಿಗಳನ್ನು ಸದಸ್ಯರು ನೆನೆಯಲಿ. ಅಲ್ಲಿಯೂ ಮರಿಗಳನ್ನು ಕೊಂಡವರು ಹೊಸ ಸಾಕಣೆದಾರರೇ. ಮಾಂಸದ ಗಿರಾಕಿ ಬರಲೇ ಇಲ್ಲ.

ಈ ವ್ಯಾಪಾರದಲ್ಲಿ ನನ್ನ ಗಮನ ಸೆಳೆದವರು ಹಾವು ಮಾರಿದವರಲ್ಲ. ಕಾವುಪೆಟ್ಟಿಗೆ, ಥರ್ಮೋಸ್ಟಾಟ್, ಪ್ಲಾಸ್ಟಿಕ್ ಡಬ್ಬಿ ಹಾಗೂ ಶೀತಲೀಕರಿಸಿದ ಇಲಿಗಳನ್ನು ಪೂರೈಸಿದವರು. ಮರಿಯ ಬೆಲೆ ಬಿದ್ದರೂ ಹಾವು ತಿನ್ನುವುದನ್ನು ಬಿಡುವುದಿಲ್ಲ, ಮತ್ತು ಥರ್ಮೋಸ್ಟಾಟ್ ಮರಿ ಹಾಕುವುದಿಲ್ಲ.